ಕೊಸರಿನ ಡಬ್ಬಿಯೂ ಚಂದ್ರಿಯ ಬಾಣಂತನವೂ

ಚೌಕಾಸಿ ಮಾಡದೆ ತಂದ ವಸ್ತುವಿನ ಮೇಲೆ ನನಗೆ ನಂಬಿಕೆಯಿಲ್ಲ. ಅಂಗಡಿಯವನು ಹೇಳಿದ ರೇಟಿಗೆ ತಂದ ಕೊಡೆ ಮೊದಲ ಗಾಳಿಗೇ ಮಗುಚುತ್ತದೆ. ಜಗ್ಗಾಡಿ ತಂದ ಕೊಡೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ನಾಗನೂರಿನಲ್ಲಿ ಸೈಕಲ್ಲಿಗೆ ಪೈಪು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಮಾರುತ್ತಿದ್ದ ನಾನು ಇವತ್ತು ಮೂಡಲಗಿಯಲ್ಲಿ ಪಂಪು, ಪೈಪಿನ ಸ್ವಂತ ಅಂಗಡಿ ಇಟ್ಟಿದ್ದೇನೆಂದರೆ ಅದಕ್ಕೆ ನನ್ನ ನಾಲಿಗೆಯೇ ಕಾರಣ. ನಾಲಿಗೆಯ ಜೊತೆಗೆ ಕೊಸರು. ವ್ಯಾಪಾರವೆಲ್ಲ ಮುಗಿದ ಮೇಲೂ ಕಟ್ಟೆಯಿಂದ ಇಳಿಯದೆ, "ಇದರ ಮ್ಯಾಲೆ ಏನರೆ ಹಾಕ್ರಿ" ಎಂದು ನಿಂತು ಪಡೆಯುವ ಆ ಪುಕ್ಕಟೆಯ ಚೂರು ಇದೆಯಲ್ಲ, ಅದು. ಬದನೆಕಾಯಿ ಕೊಂಡರೆ ಮೇಲೊಂದು ಹಿಡಿ ಮೆಣಸಿನಕಾಯಿ, ಬಟ್ಟೆ ಕೊಂಡರೆ ಒಂದು ಕರವಸ್ತ್ರ. ಕೊಸರಿಲ್ಲದೆ ನಾನು ಯಾವ ಅಂಗಡಿಯ ಮೆಟ್ಟಿಲನ್ನೂ ಇಳಿದವನಲ್ಲ. ಡಾಕ್ಟರ ಹತ್ತಿರವೂ ಒಂದು ಗುಳಿಗೆ ಹೆಚ್ಚಿಗೆ ಕೇಳಿ ತಂದಿದ್ದೇನೆ!

ಈಗ ಹೇಳಹೊರಟದ್ದು ಎಮ್ಮೆಯ ವಿಷಯ. ಎಮ್ಮೆಯ ಹೆಸರು ಚಂದ್ರಿ. ಅದು ನನ್ನ ಹೆಂಡತಿ ಸುಶೀಲಾಳದು. "ನಮ್ಮ ಎಮ್ಮೆ" ಎಂದರೆ ಅವಳು ಒಪ್ಪುವುದಿಲ್ಲ. ಹಾಲು ಮಾರಿ ಕೂಡಿಟ್ಟದ್ದರಲ್ಲಿ ತಾನೇ ಹೋಗಿ, ಹಲ್ಲು ನೋಡಿ ತಂದದ್ದು. ಹಿಂದಿನ ಸಲ ಯಾರೂ ಇಲ್ಲದ ಹೊತ್ತಿನಲ್ಲಿ ಚಂದ್ರಿ ಈದದ್ದರಿಂದ ಕರು ಉಳಿಯಲಿಲ್ಲ. ಸುಶೀಲಾ ವಾರಗಟ್ಟಲೆ ಸರಿಯಾಗಿ ಊಟ ಮಾಡಿರಲಿಲ್ಲ. ಈ ಸಲ ದಿನ ತುಂಬುತ್ತ ಬಂದಂತೆ ಅವಳು ಒಲೆಯ ಮೇಲೆ ಪಲ್ಯ ಇಟ್ಟು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಪಲ್ಯಕ್ಕೆ ಓಡಾಡತೊಡಗಿದಳು. ಎಮ್ಮೆ ಸುಖವಾಗಿತ್ತು. ಪಲ್ಯ ಮಾತ್ರ ದಿನವೂ ಸೀಯುತ್ತಿತ್ತು. ಅವಳಿಗೆ ಮೊಣಕಾಲು ನೋವು ಬೇರೆ.

ನನಗೆ ಕನಿಕರ ಬಂತು. ಅದಕ್ಕಿಂತ ಹೆಚ್ಚಾಗಿ ಐಡಿಯಾ ಬಂತು.

"ಇನ್ಮ್ಯಾಲೆ ನೀ ಕೊಟ್ಟಗಿಗೆ ಹೋಗೂದ ಬ್ಯಾಡ," ಎಂದೆ. "ಹಾಲ್‌ನ್ಯಾಗ ಕುಂತ ಚಂದ್ರೀನ ನೋಡೂಹಂಗ ಮಾಡ್ತೇನಿ."

"ಚಂದ್ರೀನ ತಂದ ಹಾಲ್‌ನ್ಯಾಗ ಕಟ್ತೀರೇನ?"

"ಕ್ಯಾಮೆರಾ ಹಚ್ತೇನಿ! ರೆಕಾರ್ಡರ್ ಇಡ್ತೇನಿ! ನೆಟ್‌ವರ್ಕ್‌ಗೆ ಜೋಡಸ್ತೇನಿ!"

ಸುಶೀಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನರೆ ಮಾಡ್ರಿ. ಈ ಸಲ ಕರುವಿಗೆ ಏನರೆ ಆದ್ರ, ಅದರ ಗೂಟಕ್ಕ ನಿಮ್ಮನ್ನ ಕಟ್ತೇನಿ."

ಮೂಡಲಗಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು ಅದು. ಮಗಳ ಕಾಲೇಜಿಗೆಂದು ತಂದ ಕಂಪ್ಯೂಟರು, ಅದರ ಬಾಜೂಕ್ಕೆ ಹಸಿರು ದೀಪ ಮಿನುಗಿಸುವ ಇಂಟರ್ನೆಟ್ ಡಬ್ಬಿ ನಮ್ಮ ಹಾಲ್‌ನಲ್ಲಿದ್ದವು. ನನ್ನ ಯೋಜನೆ ಸರಳವಾಗಿತ್ತು. ಕೊಟ್ಟಿಗೆಯಲ್ಲಿ ಕ್ಯಾಮೆರಾ, ಪಕ್ಕದ ಮೇವಿನ ಕೋಣೆಯಲ್ಲಿ ರೆಕಾರ್ಡರ್, ಅಲ್ಲಿಂದ ನೆರೆಮನೆಯ ಅಂಗಳದ ಮೇಲೆ ಹಾಯ್ದು ನಮ್ಮ ಡಬ್ಬಿಗೆ ಒಂದು ವೈರು. ಪೈಪ್‌ಲೈನಿಗಿಂತ ಇದೇನು ಬೇರೆ?

ಗೋಕಾಕಿನ ಕ್ಯಾಮೆರಾ ಅಂಗಡಿಯವನು ಮೊದಲು ನಗುನಗುತ್ತಲೇ ಕೂರಿಸಿದ. ಊಟದ ಹೊತ್ತಾಯಿತು, ನಗು ನಿಂತಿತು. ಕೊನೆಗೆ ರೇಟು ಕುದುರಿದಾಗ ಅವನ ದನಿ ಉಡುಗಿತ್ತು.

"ಫಿಟಿಂಗಿಗೆ ನಮ್ಮ ಮನಿಷ್ಯಾ ಬರ್ತಾನ್ರಿ. ಅದರದ್ದು ಬ್ಯಾರೆ ಆಗ್ತೈತಿ."

"ಫಿಟಿಂಗ್ ನನಗ ಕಲಸ್ತೀರೇನ? ಈ ತಾಲೂಕಿನ ಅರ್ಧ ಬೋರಿಗೆ ಮೋಟಾರ್ ಇಳಿಸಿದಾಂವ ನಾ."

"ಇದು ನೀರಲ್ರಿ ಸಾಹೇಬ್ರ, ನೆಟ್‌ವರ್ಕ್."

"ಒಳಗ ಏನರೆ ಹರೀಲಿ, ಪೈಪ್ ಪೈಪ! ಅದಿರ್ಲಿ, ಕೊಸರಿಗೆ ಏನ ಕೊಡ್ತೀರಿ?"

ಅವನು ಕೌಂಟರಿನ ಕೆಳಗೆ ಬಗ್ಗಿ, ಧೂಳು ಹಿಡಿದ ಬಿಳಿ ಡಬ್ಬಿಯೊಂದನ್ನು ತೆಗೆದು ನನ್ನ ಕೈಗಿಟ್ಟ. ಮೇಲೆ ಎರಡು ಕೊಂಬು. "ರೌಟರ್ ಐತ್ರಿ. ಯಾರೋ ತಿರುಗಿ ಕೊಟ್ಟದ್ದು. ಒಯ್ಯಿರಿ. ಕೈ ಮುಗೀತೇನಿ, ಇನ್ನ ನಡೀರಿ!"

ವಿಜಯದ ಸಂಕೇತವಾಗಿ ಆ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಮರುದಿನ ಕಾಮಗಾರಿಗೆ ಚಾಲನೆ ದೊರೆಯಿತು. ಕ್ಯಾಮೆರಾವನ್ನು ಪೈಪಿನ ಕ್ಲಾಂಪಿನಿಂದ ಗೋಡೆಗೆ ಬಿಗಿದು, ಜೀವನಪರ್ಯಂತ ಅಲುಗಬಾರದೆಂದು ಸಿಮೆಂಟು ಮೆತ್ತಿದೆ. ವೈರನ್ನು ಅಂಗಡಿಯಲ್ಲೇ ಕಣ್ಣಳತೆಯಲ್ಲಿ ಲೆಕ್ಕ ಹಾಕಿ, ಅದರಲ್ಲೂ ಜಿಪುಣತನ ಮಾಡಿ ತಂದಿದ್ದೆ. ಅದು ಹಾಲ್‌ನ ಕಿಟಕಿಯವರೆಗೆ ಬಂದು ನಿಂತುಬಿಟ್ಟಿತು. ಮತ್ತೆ ವೈರು ತರುವ ಬದಲು ಕಂಪ್ಯೂಟರ್ ಮೇಜನ್ನೇ ಇಂಟರ್ನೆಟ್ ಡಬ್ಬಿಯ ಸಮೇತ ಕಿಟಕಿಗೆ ತಂದೆ. ವೈರು ಬಿಗಿಯಾಗಿ, ಬೆರಳಿನಿಂದ ಮೀಟಿದರೆ ನಾದ ಬರುವಂತೆ ನಿಂತಿತು.

ಅದು ನೆರೆಮನೆಯ ಲಗಮವ್ವಕ್ಕನ ಅಂಗಳದ ಮೇಲೆ ಹಾಯ್ದಿತ್ತು. ಲಗಮವ್ವಕ್ಕ ಕುರಿ ಸಾಕಿ, ಕುರಿಗಳ ಹೆರಿಗೆ ಮಾಡಿಸಿ ಮುದುಕಿಯಾದವಳು. ಆಕೆ ತಲೆ ಎತ್ತಿ ನೋಡಿ, ಸಂತೋಷಪಟ್ಟು, ಆಗಷ್ಟೇ ತೊಳೆದ ಕಂಬಳಿಯನ್ನು ಅದರ ಮೇಲೆ ಎಳೆದು ಹಾಕಿದಳು. ಒದ್ದೆ ಕಂಬಳಿಯ ಭಾರ ಎತ್ತಿದವರಿಗೇ ಗೊತ್ತು. ಅತ್ತ ಮೇವಿನ ಕೋಣೆಯಲ್ಲಿ ರೆಕಾರ್ಡರು ಹಲಗೆಯಿಂದ ಹಾರಿ ಜೋಳದ ಕಣಕಿಯ ರಾಶಿಗೆ ಬಿತ್ತು.

"ಲಗಮವ್ವಕ್ಕಾ, ಅದು ಹಗ್ಗ ಅಲ್ಲ! ನೆಟ್‌ವರ್ಕ್!"

"ಇರ್ಲಿ ಬಿಡ್ರಿ ಸಾವಕಾರ್ರ, ಕಂಬಳಿ ಒಣಗಿದ್ರ ಸಾಕ. ಭಾಳ ಛಲೋ ಹಗ್ಗಾ ಕಟ್ಟೀರಿ."

ರೆಕಾರ್ಡರನ್ನು ಹುಲ್ಲು ಕೊಡವಿ ಮತ್ತೆ ಕೂರಿಸುವಷ್ಟರಲ್ಲಿ ಕಣಗಲಾದಿಂದ ನನ್ನ ಮೈದುನ, ಎಂದರೆ ಸುಶೀಲಾಳ ತಮ್ಮ ಅಪ್ಪಾಸಾಬ ಬಂದಿಳಿದ. ತನ್ನ ಗೋದಾಮಿಗೂ ಇಂಥದೊಂದು ಹಾಕಿಸುವ ವಿಚಾರವಿತ್ತು ಅವನಿಗೆ. ಸಲಹೆ ಕೊಡುವುದಕ್ಕೆ ನಾನೇ ಕರೆಸಿದ್ದೆ. ಅವನೆದುರು ಕಂಪ್ಯೂಟರ್ ಶುರು ಮಾಡಿ, ಅಂಗಡಿಯವನು ಬರೆದುಕೊಟ್ಟ ನಂಬರು ಒತ್ತಿದೆ. ಚಂದ್ರಿ ಪ್ರತ್ಯಕ್ಷಳಾದಳು!

ಅಪ್ಪಾಸಾಬ ತಲೆ ಓರೆ ಮಾಡಿದ. "ದಾಜಿ, ಎಮ್ಮಿ ಮ್ಯಾಲ ಜೋತ ಬಿದ್ದೈತಲ್ರಿ?"

ಖರೆ. ಚಂದ್ರಿ ಚಾವಣಿಗೆ ಕಾಲು ಊರಿ, ಬೆನ್ನು ಕೆಳಗೆ ಮಾಡಿ ಮೆಲುಕು ಹಾಕುತ್ತಿದ್ದಳು. ಕ್ಯಾಮೆರಾ ತಲೆಕೆಳಗಾಗಿ ಸಿಮೆಂಟಿನಲ್ಲಿ ಕೂತುಬಿಟ್ಟಿತ್ತು. ಸಿಮೆಂಟು ಒಡೆಯುವುದೆಂದರೆ ನನ್ನ ಕೈಗೆಲಸಕ್ಕೆ ಅವಮಾನ. ಒಂದು ಕ್ಷಣ ಯೋಚಿಸಿದೆ. ಆಮೇಲೆ ಇಬ್ಬರೂ ಸೇರಿ, ಆ ಕಾಲದ ಕುಂಬಳಕಾಯಿಯಂಥ ಮಾನಿಟರನ್ನು ಎತ್ತಿ, ದಿಂಬಿನ ಮೇಲೆ ತಲೆಕೆಳಗಾಗಿ ಇಟ್ಟೆವು. ಚಂದ್ರಿ ನೆಲಕ್ಕೆ ಬಂದಳು. ಕಂಪ್ಯೂಟರಿನ ಉಳಿದ ಸಮಸ್ತ ಅಕ್ಷರಗಳು ಆಕಾಶಕ್ಕೆ ಹೋದವು. ಬಾಣದ ಗುರುತನ್ನು ಬಲಕ್ಕೆ ತಳ್ಳಿದರೆ ಎಡಕ್ಕೆ ಹೋಗುತ್ತಿತ್ತು. ಅದೇನು, ಅಭ್ಯಾಸವಾಗುತ್ತದೆ!

ಒಂದೇ ಕೊರತೆ. ಚಿತ್ರ ತಡವರಿಸುತ್ತಿತ್ತು. ಚಂದ್ರಿ ಕಿವಿ ಆಡಿಸಿದರೆ ಎರಡು ಸಲ ನಿಂತು ನಿಂತು ಆಡುತ್ತಿತ್ತು. ನನಗೆ ರೋಗ ತಕ್ಷಣ ಗೊತ್ತಾಯಿತು.

"ಪ್ರೆಶರ್ ಸಾಲವಲ್ದು," ಎಂದೆ. "ಒಂದ ಮೋಟಾರ್ ಮ್ಯಾಲೆ ಇಷ್ಟು ದೂರ ಎತ್ತೂದ ಕಠಿಣ. ಇನ್ನೊಂದ ಮೋಟಾರ್ ಕೂಡಿಸಬೇಕು."

"ಇನ್ನೊಂದ ಎಲ್ಲಿಂದ ತರೂದ್ರಿ ದಾಜಿ?"

ಕೊಸರಿನ ಡಬ್ಬಿಯನ್ನು ಅವನ ಮುಂದೆ ಹಿಡಿದೆ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯ ಗಳಿಗೆಗಳು ಕೆಲವೇ ಇವೆ. ಹಳೆಯ ಡಬ್ಬಿಯ ಬಾಜೂಕ್ಕೆ ಅದನ್ನಿಟ್ಟು, ಡಬ್ಬಿಯ ಜೊತೆಗೆ ಬಂದ ಗೇಣುದ್ದದ ವೈರಿನಿಂದ ಎರಡನ್ನೂ ಜೋಡಿಸಿ, ಬೋರ್ಡಿಗೆ ಪ್ಲಗ್ಗು ಚುಚ್ಚಿದೆ. ದೀಪಗಳು ದೀಪಾವಳಿಯಂತೆ ಹೊತ್ತಿದವು. ಸ್ವಲ್ಪ ಹೊತ್ತಿನಲ್ಲೇ ಚಿತ್ರದ ತಡವರಿಕೆ ಸಂಪೂರ್ಣ ನಿಂತಿತು.

"ನೋಡಪ್ಪಾ ಅಪ್ಪಾಸಾಬ! ಒಂದ ಚೂರರೆ ಅಲಗಾಡತೈತೇನ?"

ಒಂದು ಚೂರೂ ಅಲುಗಾಡಲಿಲ್ಲ. ಚಂದ್ರಿ ಬಾಲ ಎತ್ತಿ, ಕಲ್ಲಿನಲ್ಲಿ ಕಡೆದ ಹಾಗೆ ನಿಂತಿದ್ದಳು.

ಸುಶೀಲಾಳನ್ನು ಕರೆದು, ಕುರ್ಚಿ ಹಾಕಿ ಕೂರಿಸಿದೆ. ಅವಳು ನೋಡಿದಳು, ಎದ್ದುಹೋಗಿ ರೊಟ್ಟಿ ಬಡಿದಳು, ಬಂದು ಮತ್ತೆ ನೋಡಿದಳು. ಊಟ ಬಡಿಸಿದಳು, ಮತ್ತೆ ನೋಡಿದಳು.

"ಅಲ್ರಿ, ಆಗ ಎತ್ತಿದ ಬಾಲ ಚಂದ್ರಿ ಇನ್ನೂ ಇಳಿಸಿಲ್ಲಲ್ಲ?"

"ದಿನಾ ತುಂಬ್ಯಾವು. ಆಲಸ್ಯ ಇರ್ತೈತಿ."

"ನೊಣಾ ಹೊಡಿಯಾಕ ಎತ್ತಿದ ಬಾಲ, ನೊಣಾ ಹೊಡಿದನ ಬಿಡ್ತೈತೇನ?"

"ಅಕ್ಕಾ ಅನ್ನೂದ ಖರೆ ಐತ್ರಿ ದಾಜಿ," ಎಂದ ಅಪ್ಪಾಸಾಬ. "ಮತ್ತ ಆ ಮೂಲ್ಯಾಗಿನ ಗಡಿಯಾರ ನೋಡ್ರಿ. ಹನ್ನೊಂದ ತೋರಸ್ತೈತಿ. ನಾವು ಉಂಡು ಕೈ ತೊಳದ್ವಿ."

ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಗಡಿಯಾರ ಇದ್ದದ್ದು ನಿಜ. ಅದನ್ನು ಓದಲು ಅಪ್ಪಾಸಾಬ ತನ್ನ ತಲೆಯನ್ನೇ ಕೆಳಗೆ ಮಾಡಿದ್ದ.

"ಮಶೀನ್ ಹೊರದೇಶದ್ದು," ಎಂದು ಸಮಾಧಾನವಾಗಿ ತಿಳಿಸಿಹೇಳಿದೆ. "ಅದು ಅವರೂರಿನ ಟೈಮು."

ಸುಶೀಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಂಟುತ್ತ ಕೊಟ್ಟಿಗೆಯ ಕಡೆ ಹೋದಳು. ಯಂತ್ರದ ಮೇಲೆ ವಿಶ್ವಾಸವಿಲ್ಲದ ಜನರ ಬಗ್ಗೆ ನಾನು ಅಪ್ಪಾಸಾಬನಿಗೆ ನಾಲ್ಕು ಮಾತು ಹೇಳಿದೆ. ಅವನು ಪರದೆಯನ್ನೇ ನೋಡುತ್ತಿದ್ದ.

"ದಾಜಿ, ಅಕ್ಕಾ ಕೊಟ್ಟಗಿಗೆ ಹೋಗಿ ಭಾಳ ಹೊತ್ತಾತು. ಇದರಾಗ ಯಾಕ ಕಾಣವಲ್ಲಳು?"

"ದಾರ್ಯಾಗ ಲಗಮವ್ವಕ್ಕನ ಕೂಡ ಮಾತಿಗೆ ನಿಂತಿರಬೇಕು. ಹೆಣ್ಮಕ್ಕಳ ಮಾತು!"

ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಲಗಮವ್ವಕ್ಕನ ಕೂಗು ಬಂತು. "ಸಾವಕಾರ್ರ! ಚಂದ್ರಿ ಈದಳ್ರೀ! ಬಿಸಿನೀರ ತರ್ರಿ!"

ನಾನು ಕಿಟಕಿಯಿಂದಲೇ ಉತ್ತರ ಕೊಟ್ಟೆ. "ಇಲ್ಲಕ್ಕಾ, ಇನ್ನೂ ಈದಿಲ್ಲ! ನಾ ಇಲ್ಲೇ ನೋಡಾಕತ್ತೇನಲ್ಲ!"

"ಕರಾ ನನ್ನ ಕೈಯಾಗ ಐತ್ರೀ!"

ತಿರುಗಿ ಪರದೆ ನೋಡಿದೆ. ಚಂದ್ರಿ ಬಾಲ ಎತ್ತಿ ನಿಂತಿದ್ದಳು. "ಇದರಾಗ ಏನೂ ಇಲ್ಲಕ್ಕಾ!"

ಆಮೇಲೆ ಲಗಮವ್ವಕ್ಕ ಆಡಿದ ಮಾತನ್ನು ಅಚ್ಚು ಹಾಕುವಂತಿಲ್ಲ.

ಬಿಸಿನೀರಿನ ಕೊಡ ಹಿಡಿದು ಓಡಿದೆ. ಕೊಟ್ಟಿಗೆಯಲ್ಲಿ ಸುಶೀಲಾ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಕರುವಿನ ತಲೆ. ಅವಳು ಹೋದಾಗ ಕರು ಆಗಲೇ ನೆಲಕ್ಕೆ ಬಿದ್ದು, ಮೂಗಿಗೆ ಪೊರೆ ಅಂಟಿಕೊಂಡು, ಉಸಿರಿಲ್ಲದೆ ಮಲಗಿತ್ತಂತೆ. ಅವಳ ಕೂಗಿಗೆ ಲಗಮವ್ವಕ್ಕ ಕಂಬಳಿ ಸಮೇತ ಓಡಿಬಂದಿದ್ದಳು. ಸುಶೀಲಾ ಸೆರಗಿನಿಂದ ಪೊರೆ ಬಿಡಿಸಿದಳು. ಲಗಮವ್ವಕ್ಕ ಮೂಗಿನಲ್ಲಿ ಊದಿ, ಎದೆ ತಿಕ್ಕಿ, ಸೀನುವಂತೆ ಮಾಡಿದಳು. ಹೆಣ್ಗರು. ಒದ್ದೆ ಕಿವಿ ಆಡಿಸುತ್ತಿತ್ತು, ಎಲ್ಲೂ ನಿಲ್ಲದೆ, ತಡವರಿಸದೆ.

ಸುಶೀಲಾಳ ಕಣ್ಣು ತುಂಬಿತ್ತು. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು. "ಅಲ್ಲಿ ಇನ್ನೂ ಈದಿಲ್ಲೇನ್ರಿ?"

ಮರುದಿನವೂ ಪರದೆಯ ಮೇಲೆ ಚಂದ್ರಿ ಬಾಲ ಎತ್ತಿಯೇ ಇದ್ದಳು. ನಾನು ಮುಖ ಸಣ್ಣದು ಮಾಡಿಕೊಂಡು ಒಂದೊಂದೇ ವೈರು ಮುಟ್ಟಿ ನೋಡುತ್ತಿದ್ದೆ. ಸುಶೀಲಾ ಮೊದಲ ಹಾಲಿನ ಗಿಣ್ಣ ಮಾಡುತ್ತಿದ್ದಳು. ಏಲಕ್ಕಿ, ಸಕ್ಕರೆ ತುಂಬಿದ ಮಿಕ್ಸರ್ ಹಿಡಿದು ಹಾಲ್‌ಗೆ ಬಂದು, ಬೋರ್ಡಿನಲ್ಲಿ ಜಾಗ ಹುಡುಕಿ, ಕೊಸರಿನ ಡಬ್ಬಿಯ ಪ್ಲಗ್ಗನ್ನು ಕಿತ್ತು ಬಿಸಾಕಿದಳು.

"ಏ, ಏ! ಅದು ಎರಡನೇ ಮೋಟಾರ್!"

ಮಿಕ್ಸರ್ ಗರ್ರೆಂದಿತು. ಅದು ನಿಲ್ಲುವ ಹೊತ್ತಿಗೆ ಪರದೆಯಲ್ಲಿ ಚಂದ್ರಿಯ ಬಾಲ ಕೆಳಗಿಳಿದಿತ್ತು! ಪಕ್ಕದಲ್ಲಿ ಕರು ಜಿಗಿದಾಡುತ್ತಿತ್ತು. ಗಡಿಯಾರವೂ ನಮ್ಮೂರಿನ ಟೈಮಿಗೆ ಬಂದಿತ್ತು.

ಗೋಕಾಕಿನವನಿಗೆ ಫೋನು ಮಾಡಿದೆ. ಅವನು ಬಹಳ ಹೊತ್ತು ನಕ್ಕು ಹೇಳಿದ. "ಸಾಹೇಬ್ರ, ಎರಡೂ ಡಬ್ಬಿ ನಾನ ಯಜಮಾನ, ಈ ನಂಬರ್ ನಂದ ಅಂತಾವು. ಅವುಗಳ ಜಗಳದಾಗ ಚಿತ್ರ ನಿಂತೈತಿ. ಒಂದ ಮನ್ಯಾಗ ಇಬ್ರು ಯಜಮಾನ್ರಾದ್ರ ಸಂಸಾರ ಹೆಂಗ ನಡೀಬೇಕ್ರಿ?"

ಸುಶೀಲಾಳಿಗೆ ಇದನ್ನು ವಿವರಿಸಿದೆ. "ಹೌದಲ್ಲ," ಎಂದಳು ಏಲಕ್ಕಿ ಪುಡಿ ಬಟ್ಟಲಿಗೆ ಸುರಿಯುತ್ತ. "ಅದಕ್ಕ ನಮ್ಮನ್ಯಾಗ ಒಬ್ಬಾಕಿನ ಇದ್ದೇನಿ."

ಮಧ್ಯಾಹ್ನ ಓಣಿಯ ಜನ ಕರು ನೋಡಲು ಬಂದರು. ಸುಶೀಲಾ ಗಿಣ್ಣದ ಪಾತ್ರೆಯನ್ನು ಕೊಟ್ಟಿಗೆಗೇ ಒಯ್ದಳು. ನಾನು ಹೋಗಲಿಲ್ಲ. ಕೊನೆಗೂ ನನ್ನ ನೆಟ್‌ವರ್ಕು ಕೆಲಸ ಮಾಡುತ್ತಿತ್ತು. ಬಿಟ್ಟು ಹೇಗೆ ಹೋಗಲಿ? ಕುರ್ಚಿ ಎಳೆದುಕೊಂಡು ಕೂತೆ. ಎಂಥ ಸ್ಪಷ್ಟತೆ! ಅಪ್ಪಾಸಾಬನ ಮೀಸೆಗೆ ಅಂಟಿದ ಗಿಣ್ಣವೂ ಕಾಣುತ್ತಿತ್ತು. ಸುಶೀಲಾ ಕ್ಯಾಮೆರಾದ ಎದುರು ಬಂದು ಕೈಬೀಸಿದಳು. ನಾನೂ ಸಂತೋಷದಿಂದ ಪರದೆಗೆ ಕೈಬೀಸಿದೆ. ಅವಳು ಮತ್ತೆ ಬೀಸಿದಳು, ನಾನೂ ಬೀಸಿದೆ. ಒಂದು ತಟ್ಟೆ ಎತ್ತಿ ತೋರಿಸಿ, ಜನರ ಗದ್ದಲದಲ್ಲಿ ಬಾಯಿ ತೆರೆದು ಏನೋ ಕೂಗಿದಳು. ಈ ವ್ಯವಸ್ಥೆಯಲ್ಲಿ ದನಿ ಇರಲಿಲ್ಲ. "ಕಾಣತೈತಿ, ಭಾಳ ಛಲೋ ಕಾಣತೈತಿ!" ಎಂದು ಇಲ್ಲಿಂದಲೇ ಹೇಳಿದೆ. ಆಕೆ ಸ್ವಲ್ಪ ಕಾದು, ಭುಜ ಕುಣಿಸಿ, ತಟ್ಟೆಯನ್ನು ಲಗಮವ್ವಕ್ಕನ ಕೈಗೆ ಕೊಟ್ಟಳು.

ಆಗ ನನಗೆ ಅರ್ಥವಾಯಿತು. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ನಾನು ಮುಟ್ಟುವಷ್ಟರಲ್ಲಿ ಲಗಮವ್ವಕ್ಕ ತಟ್ಟೆಗೆ ಬೆರಳು ಆಡಿಸಿ ಚೀಪುತ್ತಿದ್ದಳು. ಪಾತ್ರೆ ಬಣಬಣ.

"ಎಷ್ಟ ಕರದ್ನಿರಿ!" ಎಂದಳು ಸುಶೀಲಾ. "ನೀವ ಕೈ ಆಡಿಸಿ ಬ್ಯಾಡ ಅಂತೀರೇನೋ ಅನ್ಕೊಂಡೆ."

"ನೀ ನನ್ನ ಹೆಂಗ ನೋಡ್ತಿ? ಅದು ಆ ಕಡಿಯಿಂದ ಕಾಣೂದಿಲ್ಲ!"

"ಕಿಟಕಿ ತೆರದೈತಲ್ರಿ. ಇಲ್ಲಿಂದ ಬರೇ ಕಣ್ಣಿಗೆ ಕಾಣಸ್ತೀರಿ."

ನಾನು ತಿರುಗಿ ನೋಡಿದೆ. ಲಗಮವ್ವಕ್ಕನ ಗಿಡ್ಡ ಗೋಡೆಯ ಮೇಲಿನಿಂದ ನಮ್ಮ ಹಾಲ್‌ನ ಕಿಟಕಿ, ಅದರೊಳಗಿನ ಕುರ್ಚಿ, ದಿಂಬಿನ ಮೇಲೆ ತಲೆಕೆಳಗಾದ ಮಾನಿಟರು, ಎಲ್ಲವೂ ಸ್ವಚ್ಛವಾಗಿ ಕಾಣುತ್ತಿದ್ದವು.

ಅಪ್ಪಾಸಾಬ ಮೀಸೆ ಒರೆಸಿಕೊಂಡು ನನ್ನ ಹೆಗಲ ಮೇಲೆ ಕೈ ಇಟ್ಟ. "ಚಿಂತಿ ಮಾಡಬ್ಯಾಡ್ರಿ ದಾಜಿ. ಎಲ್ಲಾ ರೆಕಾರ್ಡ್ ಆಗೈತಿ."

ಆಗಿತ್ತು. ಆ ಸಂಜೆ ಕಿಟಕಿ ಮುಚ್ಚಿ ಕೂತು, ಲಗಮವ್ವಕ್ಕ ನನ್ನ ಪಾಲಿನ ಗಿಣ್ಣ ತಿನ್ನುವುದನ್ನು ಮೊದಲ ತುತ್ತಿನಿಂದ ಬೆರಳು ಚೀಪುವವರೆಗೆ ನೋಡಿದೆ. ಚಿತ್ರ ಒಂದು ಕಡೆಯೂ ನಿಲ್ಲಲಿಲ್ಲ!