ಅಪ್ಪನ ಗಡ್ಡಕ್ಕೆ ನನ್ನ ಕತ್ತಿ

ನಗಬಾರದ ಹೊತ್ತಿನಲ್ಲೇ ನಗುವಂಥದ್ದೇನಾದರೂ ನಡೆಯುವುದು ನಮ್ಮ ಮನೆಗೆ ಅಂಟಿಕೊಂಡ ಚಾಳಿ. ಅಪ್ಪ ಹಾಸಿಗೆ ಹಿಡಿದ ವರ್ಷ ಅದು ಹೆಚ್ಚುಕಡಿಮೆ ಸೋಮವಾರ ಸೋಮವಾರ ನಡೆಯಿತು.

ಹೊಂಗನೂರಿನ ನಮ್ಮ ಮನೆ ಜಗಲಿಯ ಮೇಲೆ ಪ್ರತಿ ಸೋಮವಾರ ಅಪ್ಪನಿಗೆ ಕ್ಷೌರ ಮಾಡುತ್ತಿದ್ದವನು ಒಬ್ಬ ಅಜ್ಜ. ಅವನು ಕತ್ತಿ ಇಟ್ಟನೆಂದರೆ ಅಪ್ಪ ಕಣ್ಣು ಮುಚ್ಚುತ್ತಿದ್ದ, ಅರ್ಧ ಕೆನ್ನೆ ಮುಗಿಯುವಷ್ಟರಲ್ಲಿ ಗೊರಕೆ. ಲಕ್ವ ಹೊಡೆದು ಅಪ್ಪನ ಬಲಗೈ, ಬಲಗಾಲು, ಮಾತು ಮೂರೂ ಹೋದವು. ‘ಒಸಿ’, ಅಂದರೆ ಸ್ವಲ್ಪ, ಅನ್ನುವ ಒಂದೇ ಪದ ಉಳಿಯಿತು. ನೀರು ಬೇಕಾದರೂ ಒಸಿ, ಸಿಟ್ಟು ಬಂದರೂ ಒಸಿ. ಅದೇ ಸುಮಾರಿಗೆ ಅಜ್ಜನ ಕಣ್ಣಿಗೂ ಪೊರೆ ಬಂತು. ಬ್ಲೇಡಿನ ರೇಜರ್ ತೋರಿಸಿದರೆ ಅಪ್ಪ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದ. ಕೊನೆಗೆ ಅಜ್ಜ ತನ್ನ ಕತ್ತಿಯನ್ನೇ ನನ್ನ ಕೈಗಿಟ್ಟು, ಪಕ್ಕದಲ್ಲಿ ಕೂತು ಹೇಳಿಕೊಡಲು ಒಪ್ಪಿದ. ಚನ್ನಪಟ್ಟಣದಲ್ಲಿ ಇಪ್ಪತ್ತು ವರ್ಷ ಮರದ ಬೊಂಬೆ ಕಡೆದ ಕೈ ನನ್ನದು, ಉಳಿ ಹಿಡಿದವನಿಗೆ ಕತ್ತಿ ಯಾವ ಲೆಕ್ಕ ಅಂದುಕೊಂಡೆ. ನನಗಿದ್ದದ್ದು ಒಂದೇ ಆಸೆ. ನನ್ನ ಕೈಗೂ ಅಪ್ಪ ಒಮ್ಮೆ ಹಾಗೆ ಕಣ್ಣು ಮುಚ್ಚಬೇಕು.

ತಿರುಗಿದ್ದು ಯಾವುದು

ಮೊದಲ ಪ್ರಯೋಗ ನನ್ನ ಮುಖದ ಮೇಲೇ. ಬೊಂಬೆ ಕೆಲಸದಲ್ಲಿ ಉಳಿ ಅಲುಗಬಾರದು, ಲೇತಿಗೆ ಕಚ್ಚಿಸಿದ ಮರ ತಿರುಗುತ್ತಿರುತ್ತದೆ. ನನ್ನ ಕೈಗೆ ಗೊತ್ತಿದ್ದದ್ದು ಅಷ್ಟೇ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಕತ್ತಿಯನ್ನು ಕೆನ್ನೆಗಿಟ್ಟು ಗಟ್ಟಿಯಾಗಿ ಹಿಡಿದು, ಮುಖ ತಿರುಗಿಸಿದೆ. ಕಿವಿಯಿಂದ ಗದ್ದದವರೆಗೆ ಕೆಂಪು ಗೆರೆ ಎದ್ದಿತು. ಅವ್ವ ಓಡಿ ಬಂದು ಕಾಫಿಪುಡಿ ಒತ್ತಿದಳು. ಕಣ್ಣು ಕಾಣದ ಅಜ್ಜ ಏನು ಮಾಡಿದೆ ಅಂತ ಕೇಳಿದ, ಹೇಳಿದೆ. ತಡಕಾಡಿ ನನ್ನ ಗದ್ದ ಹಿಡಿದ.

“ಮೂತಿ ನಿಲ್ಸು, ಕತ್ತಿ ಆಡ್ಸು. ನಿನ್ ಮೂತಿ ಏನ್ ಬುಗುರಿಯೇನ್ಲಾ?”

ರಾಜನ ಕೆನ್ನೆ

ಬೇರೆ ಯಾವುದರ ಮೇಲಾದರೂ ಮೊದಲು ಕೈ ಪಳಗಲಿ ಎಂದ ಅಜ್ಜ. ಅವನ ಮನಸ್ಸಿನಲ್ಲಿದ್ದದ್ದು ಬೂದುಗುಂಬಳಕಾಯಿ. ನಾನು ಆರಿಸಿಕೊಂಡದ್ದು ಕಾರ್ಖಾನೆಯ ಮೂಲೆಯಲ್ಲಿ ಬಿದ್ದಿದ್ದ ಒಂದು ರಾಜನ ಬೊಂಬೆ. ಊಟದ ಬಿಡುವಿನಲ್ಲಿ ಅದಕ್ಕೆ ಸೋಪಿನ ನೊರೆ ಹಚ್ಚಿ ದಿನಾ ಕ್ಷೌರ ಮಾಡಿದೆ. ಒಂದು ವಾರದಲ್ಲಿ ರಾಜನ ಮೀಸೆ ಹೋಯಿತು, ಕೆನ್ನೆಯ ಅರಗಿನ ಬಣ್ಣ ಹೋಯಿತು, ಕತ್ತಿಯ ಹರಿತವೂ ಹೋಯಿತು. ಅಜ್ಜ ಅದನ್ನು ಉಗುರಿನ ಮೇಲೆ ಎಳೆದು ನೋಡಿ, ಇದರಲ್ಲಿ ಇನ್ನು ಹುಣಸೆಬೀಜ ಬಿಡಿಸಬಹುದು ಅಂದ. ಕಲ್ಲಿನ ಮೇಲೆ ಮಸೆಯುವುದು, ಚರ್ಮದ ಪಟ್ಟಿಯ ಮೇಲೆ ಕತ್ತಿಯ ಬೆನ್ನು ಮುಂದಾಗಿ ಎಳೆಯುವುದು, ಇಷ್ಟು ಕಲಿಯಲು ಮತ್ತೆರಡು ವಾರ ಹಿಡಿಯಿತು.

ನೊರೆ ಹಚ್ಚಿದ ಬೊಂಬೆಯ ಸಮೇತ ಕಾರ್ಖಾನೆಯ ಯಜಮಾನ ನನ್ನನ್ನು ಒಂದು ದಿನ ನೋಡಿದ್ದ. ಅವತ್ತೇ ಸಂಜೆ ನಮ್ಮ ಮನೆಗೆ ಬಂದು, ಅವ್ವನನ್ನು ಪಕ್ಕಕ್ಕೆ ಕರೆದು, ಅಪ್ಪನಿಗೆ ಬಂದದ್ದು ಮಗನ ತಲೆಗೂ ಏರಿದೆಯೇ ಎಂದು ವಿಚಾರಿಸಿಕೊಂಡು ಹೋದ.

ಮುಖದ ಮೇಲಿನ ಪೇಪರ್

ಅಷ್ಟು ದಿನ ಬೆಳೆದು ಕಾಡಾಗಿದ್ದ ಅಪ್ಪನ ಗಡ್ಡಕ್ಕೆ ಕೊನೆಗೂ ಕೈ ಹಾಕಿದೆ. ಬಿಸಿನೀರಿನ ಬಟ್ಟೆ ಒತ್ತಿ ನೆನೆಸು, ಎಡಗೈಯಲ್ಲಿ ಚರ್ಮ ಎಳೆದು ಹಿಡಿ, ಕತ್ತಿಯನ್ನು ನಿಲ್ಲಿಸಬೇಡ, ಮಲಗಿಸು, ಕೂದಲು ಬೆಳೆದ ದಿಕ್ಕಿಗೇ ಎಳಿ ಅಂತ ಅಜ್ಜ ಹೇಳುತ್ತಲೇ ಇದ್ದ. ಅಪ್ಪ ಮಾತ್ರ ಕಣ್ಣು ಮುಚ್ಚಲೊಲ್ಲ. ಎರಡೂ ಕಣ್ಣು ಅಗಲಿಸಿ ಕತ್ತಿಯನ್ನೇ ನೋಡುತ್ತಿದ್ದ. ಆ ನೋಟ ತಪ್ಪಿಸಲು ಹೋಗಿ ಕತ್ತಿ ಜಾರಿಸಿದೆ. ಐದು ಕಡೆ ರಕ್ತ. ಒಂದೊಂದಕ್ಕೂ ಅಪ್ಪ “ಒಸಿ” ಅಂದ, ಒಂದೊಂದಕ್ಕೂ ನಾನು ಹಳೇ ಪೇಪರಿನ ಚೂರು ಅಂಟಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅವನ ಕೈಯಲ್ಲಿ ಏಟು ತಿಂದು ಬೆಳೆದವನು ನಾನು. ಅಪ್ಪ ನನಗೆ ಹೆದರಿದ್ದನ್ನು ನೋಡಿದ್ದು ಅದೇ ಮೊದಲು.

ವಾಪಸು ಬರುವಷ್ಟರಲ್ಲಿ ಅಪ್ಪನನ್ನು ನೋಡಲು ಸಾತನೂರಿನಿಂದ ನಮ್ಮ ಸೋದರಮಾವ ಬಂದಿದ್ದ. ಕನ್ನಡಕ ಏರಿಸಿ, ಅಪ್ಪನ ಮುಖಕ್ಕೆ ಬಗ್ಗಿ, ಬಹಳ ಹೊತ್ತು ನೋಡಿದ.

“ಭಾವ, ರೇಷ್ಮೆಗೂಡಿನ ರೇಟು ಗದ್ದದ ತಾವ ಐತೆ. ಮಿಕ್ಕಿದ್ದು ಎಲ್ಲೈತೆ?”

ಕಣ್ಣು ಮುಚ್ಚಿದ್ದು

ಬರಬರುತ್ತಾ ಗಾಯ ಕಮ್ಮಿಯಾಯಿತು. ಐದು ಇದ್ದದ್ದು ಮೂರಾಯಿತು, ಮೂರು ಒಂದಾಯಿತು. ಒಂದು ಸೋಮವಾರ ಬಲಗೆನ್ನೆ ಮುಗಿಸಿ ನೋಡುತ್ತೇನೆ, ಅಪ್ಪನ ರೆಪ್ಪೆ ಇಳಿದಿದೆ, ಸಣ್ಣಗೆ ಗೊರಕೆ ಬರುತ್ತಿದೆ. ನನಗೆ ಸಂತೋಷ ತಡೆಯಲಾಗಲಿಲ್ಲ. ಕತ್ತಿ ಹಿಡಿದುಕೊಂಡೇ ಅಡುಗೆಮನೆಗೆ ಓಡಿದೆ.

“ಅವ್ವ, ಅಪ್ಪ ಕಣ್ಮುಚ್ಬುಟ್ಟ ಕಣವ್ವ.”

ಅವ್ವನ ಕೈಯಿಂದ ಪಾತ್ರೆ ಬಿತ್ತು. ಎದೆ ಬಡಿದುಕೊಂಡು ಅವಳು ಕೂಗಿದ ಕೂಗಿಗೆ ಇಡೀ ಬೀದಿ ಒಳಗೆ ಬಂತು. ನನ್ನ ಕೈಯ ಕತ್ತಿ ನೋಡಿ ಇಬ್ಬರು ನನ್ನ ರಟ್ಟೆ ಹಿಡಿದರು. ಇನ್ನೊಬ್ಬ ಚಟ್ಟಕ್ಕೆ ಬಿದಿರು ತರಲು ಹೊರಟೇಬಿಟ್ಟ. ಗಲಾಟೆಗೆ ಎಚ್ಚರವಾದ ಅಪ್ಪ ತಲೆಯೆತ್ತಿ, ಅಳುತ್ತಿದ್ದವರನ್ನೆಲ್ಲ ಒಂದು ಸುತ್ತು ನೋಡಿ, ನೊರೆ ಉಳಿದಿದ್ದ ಕೆನ್ನೆಗೆ ಬೆರಳು ತೋರಿಸಿ “ಒಸಿ” ಅಂದ.

ಆಮೇಲೆ ನಾಲ್ಕು ಸೋಮವಾರ ಅಪ್ಪ ನನ್ನ ಕೈಯಲ್ಲಿ ನಿದ್ದೆ ಮಾಡಿದ. ಅಷ್ಟು ಸುಖ ನನಗೆ ಯಾವ ಬೊಂಬೆ ಮಾಡಿದಾಗಲೂ ಆಗಿರಲಿಲ್ಲ. ಐದನೆಯ ಸೋಮವಾರ ಎರಡೂ ಕೆನ್ನೆ, ಕುತ್ತಿಗೆ ಮುಗಿಸಿದೆ. ಒಂದೇ ಒಂದು ಗಾಯವಿಲ್ಲ. ಮುಖ ಒರೆಸುವಾಗ ಗೊರಕೆ ನಿಂತಿದೆ ಅನ್ನುವುದು ತಿಳಿಯಿತು. ಕತ್ತಿಯನ್ನು ತೊಳೆದು ಮೂಗಿನ ಕೆಳಗೆ ಹಿಡಿದು ನೋಡಿದೆ. ಉಸಿರಿನ ಮಬ್ಬು ಕೂರಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಂತೆ. ಬೇರೆ ಮಾತು ಬಾಯಿಗೆ ಬರಲಿಲ್ಲ. ಅಪ್ಪ ಕಣ್ಮುಚ್ಚಿದ ಅಂದೆ.

ಅವ್ವ ಒಲೆಯಿಂದ ಮುಖ ತಿರುಗಿಸಲಿಲ್ಲ.

“ಮೆತ್ತುಗ್ ಮಾತಾಡ್ಲಾ,” ಅಂದಳು. “ಎದ್ಬುಟ್ಟಾರು.”