ಸಿಡಿಲಂಗಿಯ ತಾಯಿ ತವರಿಗೆ ಹೋದ ವಿಚಾರ

ಸಾಗರದಾಚೆಯ ಗಾಜಿನ ಕಟ್ಟಡದಲ್ಲಿ ಕುಳಿತು ಈ ಲೋಕವನ್ನು ವರ್ಷಕ್ಕೆರಡು ಸಲ ಹಾಳುಮಾಡಿ, ಹಾಗೆಯೇ ಎರಡು ಸಲ ಉಳಿಸಿಕೊಡುತ್ತಿರುವ ‘ಸಿಡಿಲಂಗಿ’ ಚಿತ್ರದ ನಿರ್ಮಾಪಕ ಮಹಾಶಯರ ಸನ್ನಿಧಾನಕ್ಕೆ, ಕಿರ್ಗಿಜ್ ನಾಡಿನ ನರಿನ್ ಸೀಮೆಯ ಕೋಕ್‌ಜಾರ್ ಊರಿನ ಸಂಸ್ಕೃತಿ ಭವನದಿಂದ ಎಸೆಂಕುಲ್ ಮಾಡಿಕೊಳ್ಳುವ ಬಹಿರಂಗ ಅರಿಕೆ.

ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಕುದುರೆ, ಕುರಿ, ದನಕರುಗಳೂ ಕ್ಷೇಮವೆಂದು ನಂಬಿದ್ದೇನೆ. ತಮ್ಮಲ್ಲಿ ಕುರಿಗಳೇ ಇಲ್ಲವೆಂದಾದರೆ ಆ ಬಗ್ಗೆ ನನ್ನ ಹೃತ್ಪೂರ್ವಕ ಸಂತಾಪವನ್ನು ಸ್ವೀಕರಿಸಬೇಕು.

ತಾವು ನನ್ನನ್ನು ಅರಿತವರಲ್ಲ, ಆದರೆ ತಮ್ಮ ನಾಯಕನ ಗಂಟಲು ನಾನೇ. ಭವನದಲ್ಲಿ ಸಿನಿಮಾ ತೋರಿಸುವಾಗ ಪರದೆಯ ಪಕ್ಕದ ಮುರುಕು ಮೇಜಿನ ಮುಂದೆ ಮೈಕು ಹಿಡಿದು ಕುಳಿತು, ರಷ್ಯನ್ನಿನಲ್ಲಿ ಬರುವ ಮಾತನ್ನೆಲ್ಲ ಆಗಿಂದಾಗಲೇ ನಮ್ಮ ಕಿರ್ಗಿಜ್ ಮಾತಿಗೆ ತಿರುಗಿಸಿ ಹೇಳುವ ಕೆಲಸವನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿದ್ದೇನೆ. ನಾಯಕನೂ ನಾನೇ, ಅವನ ಪ್ರೇಯಸಿಯೂ ನಾನೇ, ಖಳನೂ ನಾನೇ, ಸೇತುವೆ ಕುಸಿಯುವಾಗ ಚೀರುವ ಸಾವಿರ ಮಂದಿಯೂ ನಾನೊಬ್ಬನೇ. ನಾಯಿಗೆ ಮಾತ್ರ ಅದರ ಸ್ವಂತ ಧ್ವನಿಯಲ್ಲೇ ಬೊಗಳಲು ಬಿಟ್ಟಿದ್ದೇನೆ.

ಮೂರು ವರ್ಷಗಳ ಹಿಂದೆ ತಮ್ಮ ಮೊದಲ ಭಾಗ ನಮ್ಮಲ್ಲಿಗೆ ದಯಮಾಡಿಸಿತು. ಅದರಲ್ಲಿ ಹ್ಯಾರಿಯೆಟ್ ಎಂಬ ಹೆಸರಿನ, ಮಗನಿಗೆ ಅಂಗಿಯ ಗುಂಡಿ ಹೊಲಿದುಕೊಡುವ ಬಡಪಾಯಿ ತಾಯಿಯನ್ನು ತಾವು ಹದಿನಾಲ್ಕನೆಯ ನಿಮಿಷಕ್ಕೆ ಕೊಂದಿರಿ. ಕೊಂದದ್ದಕ್ಕೆ ನನ್ನ ತಕರಾರಿಲ್ಲ, ತಮ್ಮ ಉದ್ಯಮವೇ ಅಂಥದು. ಆದರೆ ಆ ಸುದ್ದಿಯನ್ನು ಮಗನಿಗೆ ಮುಟ್ಟಿಸಿದ ತಮ್ಮ ನಾಜೂಕನ್ನು ಎಷ್ಟು ಹೊಗಳಿದರೂ ಸಾಲದು. ಅವನು ಗೋಪುರವೊಂದಕ್ಕೆ ಒಂದೇ ಕೈಯಲ್ಲಿ ಜೋತಾಡುತ್ತಿರುವಾಗ ಫೋನು ಬರುತ್ತದೆ, ಯಾರೋ ಹೇಳುತ್ತಾರೆ: “ನಿನ್ನ ತಾಯಿ ಸತ್ತಳು. ಬೇಗ ಸೇತುವೆ ಹತ್ರ ಹೋಗು.” ಅಬ್ಬಬ್ಬಾ! ಅಂಗಡಿಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವವನೂ ಇದಕ್ಕಿಂತ ಒಂಚೂರು ಹಿಂದೆಮುಂದೆ ನೋಡುತ್ತಾನೆ.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಹಾಗೆ ಎಸೆಯುವುದಿಲ್ಲ, ಮಾನ್ಯರೇ. ಹಿರಿಯರು ನಾಲ್ಕೈದು ಮಂದಿ ಒಟ್ಟಾಗಿ ಹೋಗುತ್ತಾರೆ, ಚಹಾ ಕುಡಿಯುತ್ತಾರೆ, ಕುದುರೆಗಳ ವಿಚಾರ ತೆಗೆಯುತ್ತಾರೆ, ಹೋದವರ ಒಳ್ಳೆಯತನವನ್ನು ಸುತ್ತು ಬಳಸಿ ಆಡುತ್ತಾರೆ, ಕೇಳುವವನ ಎದೆ ತಾನಾಗಿಯೇ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಅವನ ಎರಡೂ ಪಕ್ಕದಲ್ಲಿ ಹಿಡಿದುಕೊಳ್ಳಲು ಜನ ಇರುತ್ತಾರೆ. ಅಷ್ಟಾಗುವವರೆಗೆ ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿರುತ್ತದೆ.

ಹೀಗಾಗಿ ಆ ಸಾಲು ಬಂದಾಗ ನನ್ನ ನಾಲಿಗೆ ಹೊರಳಲಿಲ್ಲ. ಮೈಕಿನಲ್ಲಿ ಹೇಳಿಬಿಟ್ಟೆ: “ನಿನ್ನ ಅಮ್ಮ ಮುನಿಸಿಕೊಂಡು ತವರಿಗೆ ಹೋದ್ರಪ್ಪ. ನೀನು ಊಟದ ಹೊತ್ತಿಗೆ ಮನೆಗೆ ಬರಲ್ಲ ಅಂತ ಬೇಜಾರಂತೆ.” ಪರದೆಯ ಮೇಲೆ ಆರಡಿ ಎತ್ತರದ ಆ ಗಂಡಸು ಗೋಪುರದಿಂದ ಇಳಿದು ಮಂಡಿಯೂರಿ ಬಿಕ್ಕಿಬಿಕ್ಕಿ ಅಳತೊಡಗಿದ. ಸಭಾಂಗಣದ ಹೆಂಗಸರೆಲ್ಲ ಕರಗಿ ನೀರಾದರು. ಹಾಲಿನ ಕೇಂದ್ರದಲ್ಲಿ ಮೂವತ್ತು ವರ್ಷ ದುಡಿದ ಕಾಲ್ಬೂಬು ಅಪಾ, ಊರಿಗೆಲ್ಲ ತಾಯಿಯಂತಿರುವ ಮುದುಕಿ, ತನ್ನ ಸ್ವಂತ ಮಗನ ಬೆನ್ನಿಗೆ ಗುದ್ದಿ, “ನೋಡೋ, ನೋಡಿ ಕಲಿ! ಅಮ್ಮ ಸಿಟ್ಟಾದ್ಲು ಅಂತ ಹೆಂಗೆ ಅಳ್ತಾನೆ! ನೀನು ನಾನು ಸತ್ರೂ ಇಷ್ಟು ಅಳಲ್ಲ” ಎಂದದ್ದು ಮೈಕಿಗೂ ಕೇಳಿಸಿತು. ಅಲ್ಲಿಂದ ಮುಂದೆ ತಮ್ಮ ನಾಯಕ ಅರ್ಧ ನಗರವನ್ನು ಪುಡಿಗಟ್ಟಿದ್ದೆಲ್ಲ ಅಮ್ಮನನ್ನು ತವರಿನಿಂದ ಕರೆತರುವ ಪ್ರಯತ್ನವೆಂದೇ ನಮ್ಮವರು ತಿಳಿದರು, ಮತ್ತು ತಮ್ಮ ಕಥೆ ಆ ಮಟ್ಟಿಗೆ ಅರ್ಥಪೂರ್ಣವೂ ಆಯಿತು.

ಕೊನೆಯಲ್ಲಿ ಎಲ್ಲರನ್ನೂ ಕೂರಿಸಿ, ನಿಧಾನವಾಗಿ, ಕ್ರಮವಾಗಿ ನಿಜ ಹೇಳಬೇಕೆಂದೇ ಇದ್ದೆ. ಆದರೆ ತಾವು ದಯಪಾಲಿಸಿದ ಕಡೆಯ ಕಾಳಗ ಐವತ್ತು ನಿಮಿಷ ಎಳೆಯಿತು, ಆರು ಗಂಟೆಯಾಯಿತು, ಮೇಯಲು ಹೋದ ಹಸುಗಳು ಮನೆಗೆ ಬರುವ ಸಮಯ. ಹೆಂಗಸರು ಒಬ್ಬೊಬ್ಬರಾಗಿ ಎದ್ದರು, ಗಂಡಸರು ಹಿಂದೆ ಹೊರಟರು. ತಮ್ಮ ನಾಯಕ ಜಗತ್ತನ್ನು ಉಳಿಸಿದಾಗ ಅದನ್ನು ನೋಡಲು ನಾನೂ ಕಾವಲುಗಾರನೂ ಮಾತ್ರ ಉಳಿದಿದ್ದೆವು. ಅಂದು ನುಂಗಿಕೊಂಡ ಮಾತು ಮೂರು ವರ್ಷ ಹೊಟ್ಟೆಯಲ್ಲೇ ಉಳಿಯಿತು. ಸಿಕ್ಕಸಿಕ್ಕಲ್ಲಿ “ಎಸೆಂಕುಲ್ ಬೈಕೆ, ಆ ಅಮ್ಮ ವಾಪಸ್ ಬಂದ್ರಾ?” ಎಂದು ಅಣ್ಣನನ್ನು ಕರೆದಂತೆ ಕರೆದು ಕೇಳುವ ಕಿರಿಯರಿಗೆಲ್ಲ “ಬರ್ತಾರೆ, ಎರಡನೇ ಭಾಗ ಬರಲಿ” ಎನ್ನುತ್ತ ಬಂದೆ.

ಈಗ ಎರಡನೇ ಭಾಗವೇ ಬರುತ್ತಿದೆ, ಈ ಶುಕ್ರವಾರ. ಅದಕ್ಕೂ ಮೊದಲು ತಾವು ಔದಾರ್ಯದಿಂದ ಬಿಟ್ಟ ಟ್ರೇಲರ್ ಶಾಲೆಯ ಮೇಷ್ಟ್ರಾದ ತಿನಾರ್ ಅವರ ಫೋನಿಗೆ ಬಂತು, ಅವರ ಫೋನಿನಿಂದ ಊರಿಗೆಲ್ಲ ಹರಡಿತು. ನಾಯಕ ಮಳೆಯಲ್ಲಿ ನಿಂತಿದ್ದಾನೆ, ಮುಂದೊಂದು ಕಲ್ಲು, ಕಲ್ಲಿನ ಮೇಲೆ ಹ್ಯಾರಿಯೆಟ್ ಎಂಬ ಹೆಸರು, ಕೈಯಲ್ಲಿ ಒಂದೇ ಒಂದು ಬಿಳಿ ಹೂವು.

ಮಾನ್ಯರೇ, ತಮ್ಮ ಆ ಒಂದು ಹೂವು ನಮ್ಮ ಊರನ್ನು ಸೀಳಿಬಿಟ್ಟಿತು. ನಮ್ಮಲ್ಲಿ ಬದುಕಿರುವವರಿಗೆ ಬೆಸ ಸಂಖ್ಯೆಯಲ್ಲೂ ಸತ್ತವರಿಗೆ ಜೋಡಿಯಲ್ಲೂ ಹೂ ಒಯ್ಯುವುದು ರೂಢಿ. ತಿನಾರ್ ಮೇಷ್ಟ್ರು ಬೇಕರಿಯ ಮುಂದೆ ನಿಂತು ಬೆರಳೆತ್ತಿ ವಾದಿಸಿದರು: “ಒಂದೇ ಹೂವು ಇದೆ, ಕಣ್ಣು ಬಿಟ್ಟು ನೋಡ್ರಿ! ಗೋರಿಗೆ ಒಂಟಿ ಹೂ ತರೋಕೆ ಅವನಿಗೇನು ತಲೆ ಕೆಟ್ಟಿದ್ಯಾ? ಅಮ್ಮ ಬದುಕಿದ್ದಾರೆ. ಕಲ್ಲು ಶತ್ರುಗಳ ಮೋಸ.” ಕಾಲ್ಬೂಬು ಅಪಾ ಒಪ್ಪಲಿಲ್ಲ. “ನಿನ್ನ ಲೆಕ್ಕದ ಪಾಠ ಶಾಲೇಲಿ ಇಟ್ಕೋ ಮಗ. ಕಲ್ಲಲ್ಲಿ ವರ್ಷ ಬರೆದಿದೆ. ಅವಳು ಹೋಗಿ ಮೂರು ವರ್ಷ ಆಯ್ತು. ನಲವತ್ತನೇ ದಿನದ ಊಟ ಎಲ್ಲಿ? ವರ್ಷದ ಊಟ ಎಲ್ಲಿ? ಬಸ್ಸು ಎತ್ತೋ ಗಂಡಸು, ಹೆತ್ತವಳ ಹೆಸರಿನ ಊಟಕ್ಕೆ ಒಂದು ಕುದುರೆ ಕಡಿಸೋಕೆ ಆಗ್ಲಿಲ್ವಾ ಇವನ ಕೈಲಿ? ಥೂ!” ಆ ‘ಥೂ’ ತಮ್ಮ ನಾಯಕನಿಗೆ ಬಿದ್ದದ್ದು, ಮಾನ್ಯರೇ, ಖಳನಿಗಲ್ಲ.

ಆದುದರಿಂದ ನಮ್ಮ ಪ್ರೇಕ್ಷಕರ ಪರವಾಗಿ ಕೆಲವು ಸಣ್ಣಪುಟ್ಟ ವಿನಂತಿಗಳನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ತಾವು ಖಳನನ್ನು ಮೊದಲ ಭಾಗದಲ್ಲೇ ಎರಡು ಸಲ ಸುಟ್ಟು, ಒಂದು ಸಲ ಮುಳುಗಿಸಿ, ಮೂರೂ ಸಲ ಜೀವಂತ ಎಬ್ಬಿಸಿದ ಮಹಾನುಭಾವರು. ಅಷ್ಟೊಂದು ಜೀವದಾನ ಆ ನೀಚನಿಗೆ ಮಾಡಿದವರಿಗೆ, ಗುಂಡಿ ಹೊಲಿಯುವ ಒಬ್ಬ ಮುದುಕಿಯನ್ನು ಎಬ್ಬಿಸುವುದು ಕಷ್ಟವಾಗದು. ಅದಾಗದಿದ್ದರೆ ನಾಯಕನ ಕೈಗೆ ಇನ್ನೊಂದು ಹೂವನ್ನಾದರೂ ಕೊಡಿಸಿ, ಊರಿನ ಜಗಳ ನಿಲ್ಲುತ್ತದೆ. ಅದೂ ಆಗದಿದ್ದರೆ ಕಡೆಯ ಕಾಳಗಕ್ಕೆ ಬದಲಾಗಿ ವರ್ಷದ ಊಟವನ್ನು ಐವತ್ತು ನಿಮಿಷ ತೋರಿಸಿ. ಕುದುರೆ ಓಟವಿರಲಿ, ನೆರೆಹೊರೆಯವರೆಲ್ಲ ಬರಲಿ, ಖಳನೂ ಬಂದು ಒಂದು ಬಟ್ಟಲು ಸಾರು ಕುಡಿದು ಹೋಗಲಿ. ತಾವು ಉರುಳಿಸುವ ಕಟ್ಟಡಗಳಿಗಿಂತ ಅದು ನಮ್ಮಲ್ಲಿ ಹೆಚ್ಚು ದಿನ ಓಡುತ್ತದೆ. ಏನೇ ಆದರೂ ಹಸುಗಳು ಬರುವ ಮೊದಲು ಜಗತ್ತು ಉಳಿದಿರಲಿ.

ಇಷ್ಟು ಬರೆದು, ಪತ್ರವನ್ನು ಮಡಚಿಟ್ಟು, ನಿಜ ಹೇಳಬೇಕೆಂದರೆ, ನಾನು ಶುಕ್ರವಾರಕ್ಕೆ ಹೆದರುತ್ತ ಕುಳಿತಿದ್ದೆ. ಗೋರಿಯ ಮುಂದೆ ನಾಯಕ ಬಾಯಿ ತೆರೆದಾಗ ನಾನೂ ತೆರೆಯಬೇಕು. ಸುಳ್ಳು ಹೇಳಿದರೆ ಕಲ್ಲು ಕಣ್ಣೆದುರೇ ಇದೆ. ನಿಜ ಹೇಳಿದರೆ ಮೂರು ವರ್ಷ ಊರನ್ನೇ ಏಮಾರಿಸಿದವನು ನಾನು. ಮತ್ತೆ ಈ ಮೇಜಿನ ಮುಂದೆ ನನ್ನ ಮಾತನ್ನು ಯಾರು ನಂಬುತ್ತಾರೆ?

ನಿನ್ನೆ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನಿವೃತ್ತ ಪಶುವೈದ್ಯ, ಊರಿನ ಹಿರಿಯಜ್ಜ ಅಬ್ದಿಲ್ದಾ ಅತಾ, ಕಾಲ್ಬೂಬು ಅಪಾ, ಕೊನೆಗೂ ವಾದ ಬಿಟ್ಟ ತಿನಾರ್ ಮೇಷ್ಟ್ರು, ಇನ್ನೂ ನಾಲ್ವರು, ಎಲ್ಲರೂ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು. ಮುಗಿಯಿತು, ಮೈಕು ಕಿತ್ತುಕೊಳ್ಳಲು ಬಂದಿದ್ದಾರೆ ಎಂದುಕೊಂಡೆ. ಅವರು ಕುಳಿತರು. ಚಹಾ ಕುಡಿದರು. ಅಬ್ದಿಲ್ದಾ ಅತಾ ಈ ವರ್ಷದ ಮರಿಗಳ ವಿಚಾರ ತೆಗೆದರು, ಕಣಿವೆಯ ಹಿಮದ ವಿಚಾರ ತೆಗೆದರು, ಆಮೇಲೆ ಮಗನ ಅಂಗಿಗೆ ಗುಂಡಿ ಹೊಲಿಯುವ ಹೆಂಗಸರು ಎಷ್ಟು ದೊಡ್ಡವರು ಎಂದು ನಿಧಾನವಾಗಿ ಆಡತೊಡಗಿದರು. ತಿನಾರ್ ನನ್ನ ಎಡಕ್ಕೆ ಸರಿದು ಕುಳಿತರು, ಇನ್ನೊಬ್ಬರು ಬಲಕ್ಕೆ. ಆಗ ನನಗೆ ಹೊಳೆಯಿತು, ಮಾನ್ಯರೇ. ಅವರು ಸುದ್ದಿ ಮುಟ್ಟಿಸಲು ಬಂದಿದ್ದರು. ನನಗೆ!

“ಧೈರ್ಯ ತಂದ್ಕೋ ಎಸೆಂಕುಲ್,” ಎಂದರು ಅಬ್ದಿಲ್ದಾ ಅತಾ, “ಆ ತಾಯಿ ತವರಿನಿಂದ ಇನ್ನು ಬರಲ್ಲಪ್ಪ.” ನಾನು ಅವರ ಮುಖವನ್ನೇ ನೋಡುತ್ತಿದ್ದಾಗ ಕಾಲ್ಬೂಬು ಅಪಾ ಗದರಿದರು: “ಹಂಗ್ಯಾಕೆ ನೋಡ್ತೀಯೋ? ಸಿನಿಮಾ ಅಂತ ನಮಗೂ ಗೊತ್ತು, ನಾವೇನು ಕುರಿಗಳಲ್ಲ. ಆದ್ರೆ ಮೂರು ವರ್ಷದ ಹಿಂದೆ ಆ ಹುಡುಗನ ಅಳುವನ್ನ ಮೈಕಲ್ಲಿ ಅತ್ತವನು ನೀನು. ಶುಕ್ರವಾರ ಆ ಕಲ್ಲಿನ ಮುಂದೆ ಬಾಯಿ ಬಿಡಬೇಕಾದವನೂ ನೀನೇ. ಅಲ್ಲಿ ಒಬ್ಬನೇ ಕೂತು ಅದನ್ನ ಕೇಳಿಸ್ಕೋಬೇಕಾ? ನಾವೆಲ್ಲ ಸತ್ತಿದ್ದೀವಾ?”

ಮಾನ್ಯರೇ, ನನ್ನ ಸ್ವಂತ ತಾಯಿ ತೀರಿಕೊಂಡಾಗ ನಾನು ಸೈನ್ಯದ ಚಾಕರಿಯಲ್ಲಿ ರಷ್ಯದ ಪೂರ್ವದಂಚಿನಲ್ಲಿದ್ದೆ. ಬೆಳಗಿನ ಹಾಜರಿ ಸಾಲಿನಲ್ಲಿ ಕ್ಯಾಪ್ಟನ್ ಕಾಗದ ನೋಡಿ ಓದಿದ: ಯಾರ್ಯಾರಿಗೆ ಹೊಸ ಬೂಟು, ಎಸೆಂಕುಲ್ ನಿನ್ನ ತಾಯಿ ಸತ್ತಳು, ಯಾರ್ಯಾರು ಆಲೂಗಡ್ಡೆ ಸುಲಿಯಬೇಕು. “ಸರಿ” ಎಂದೆ. ಆಲೂಗಡ್ಡೆ ಸುಲಿದೆ. ರಜೆ ಕೊಡಲಿಲ್ಲ. ಮೂವತ್ತೆಂಟು ವರ್ಷವಾಯಿತು, ಅವಳಿಗಾಗಿ ನಾನು ಅತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ, ತಮ್ಮ ಕಾಲ್ಪನಿಕ ಹ್ಯಾರಿಯೆಟ್ಟಳ ನೆಪದಲ್ಲಿ, ಎರಡೂ ಕಡೆ ಜನ ಹಿಡಿದುಕೊಂಡಿರುವಾಗ, ಎಲ್ಲ ಒಟ್ಟಿಗೆ ಅತ್ತೆ. ಕಾಲ್ಬೂಬು ಅಪಾ ನಮ್ಮ ಹೆಂಗಸರ ರೂಢಿಯಂತೆ ಗೋಡೆಯತ್ತ ಮುಖ ಮಾಡಿ ಶೋಕದ ಹಾಡು ಎತ್ತಿಕೊಂಡರು. ಮೊದಲ ಸುತ್ತಿನಲ್ಲಿ ಹ್ಯಾರಿಯೆಟ್ ಎಂದು ಹಾಡಿದರು. ಎರಡನೆಯ ಸುತ್ತಿನಲ್ಲಿ, ಯಾರೂ ಕೇಳದೆಯೇ, ಉಮ್ಸುನಾಯ್ ಎಂದು ಹಾಡಿದರು. ಅದು ನನ್ನ ತಾಯಿಯ ಹೆಸರು.

ಹಾಡು ನಿಂತಾಗ ಮೂರು ವರ್ಷದ ಸುಳ್ಳನ್ನು ಅವರ ಮುಂದೆ ಒಪ್ಪಿಕೊಂಡೆ. “ಗೊತ್ತು ಬಿಡು. ಗಂಡಸು ಹಂಗೆ ಅಳೋದು ಅಮ್ಮ ತವರಿಗೆ ಹೋದ್ರೆ ಅಲ್ಲ ಅಂತ ನಂಗೆ ಅವತ್ತೇ ಅನ್ನಿಸ್ತು” ಎಂದು ಅಪಾ ಚಹಾ ಕೇಳಿದರು. ಆದ್ದರಿಂದ ಮೇಲಿನ ವಿನಂತಿಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತಿದ್ದೇನೆ. ಶುಕ್ರವಾರ ತಮ್ಮ ನಾಯಕ ಗೋರಿಯ ಮುಂದೆ ಏನೇ ಬಡಬಡಿಸಲಿ, ನಾನು ನಿಜವನ್ನೇ ಹೇಳುತ್ತೇನೆ. ಅಳು ಬಂದರೆ ಅಳುತ್ತೇನೆ. ಅಷ್ಟು ಹೊತ್ತು ತಮ್ಮ ಸಂಭಾಷಣೆ ಯಾರಿಗೂ ಕೇಳಿಸದು, ನಷ್ಟವೇನೂ ಆಗದು.

ಈವರೆಗೂ ತಮ್ಮ ಮಾತನ್ನು ತಮಗಿಂತ ಚೆನ್ನಾಗಿ ಆಡಿದ,
ತಮ್ಮ ವಿಶ್ವಾಸಿ,
ಎಸೆಂಕುಲ್

ಹಿಂಬರಹ: ಟ್ರೇಲರಿನ ಕೊನೆಯಲ್ಲಿ ನಾಯಕನ ಪ್ರೇಯಸಿ ಎರಡು ಸಲ ಕೆಮ್ಮಿದ್ದನ್ನು ನಮ್ಮ ಹೆಂಗಸರು ಗಮನಿಸಿದ್ದಾರೆ. ತಮ್ಮ ಇರಾದೆ ಅವರಿಗೆ ಗೊತ್ತಾಗಿದೆ. ಆ ಸುದ್ದಿಯನ್ನು ನಾಯಕನಿಗೆ ಮುಟ್ಟಿಸಲು ಅಬ್ದಿಲ್ದಾ ಅತಾ ಅವರನ್ನು ಕರೆಸಿಕೊಳ್ಳಿ. ವಿಮಾನ ಹತ್ತಿದವರಲ್ಲ, ಆದರೂ ಬರುತ್ತಾರೆ. ಬಂದವರು ಮಾತು ಶುರುಮಾಡುವ ಮುನ್ನ ತಮ್ಮ ತಾಯಿಯವರು ಹೇಗಿದ್ದಾರೆ, ತಾವು ಅವರನ್ನು ನೋಡಿ ಎಷ್ಟು ದಿನವಾಯಿತು ಎಂದು ತಮ್ಮನ್ನೇ ಕೇಳುತ್ತಾರೆ. ಉತ್ತರ ಸಿದ್ಧವಾಗಿರಲಿ.