ಹಿಂದೆ ಮುಂದೆ ಯಾರೂ ಇಲ್ಲದ ಅಧ್ಯಕ್ಷೆ

ಹೊನ್ನಪ್ಪನ ಟೀ ಅವತ್ತು ಬೇಗ ಮುಗಿದುಹೋಯಿತು. ಲೋಟದಲ್ಲಿ ಇನ್ನೆರಡು ಗುಟುಕು ಉಳಿದಿದ್ದರೆ ಅವನು ಬಾಯಿ ತೆರೆಯುತ್ತಿರಲಿಲ್ಲ, ಪುಟ್ಟಲಕ್ಷ್ಮಮ್ಮ ಎಂದಿನಂತೆ ಡೈರಿಗೆ ಹಾಲು ಅಳೆದು ಮನೆಗೆ ಹೋಗಿ, ಹಸುವಿಗೆ ನೀರಿಟ್ಟು, ಸುಮ್ಮನಿರುತ್ತಿದ್ದಳು.

ಗೊರವನಕೊಪ್ಪಲಿನ ಮಹಿಳಾ ಹಾಲಿನ ಸಂಘಕ್ಕೆ ಅವತ್ತು ಅಧ್ಯಕ್ಷೆಯನ್ನು ಆರಿಸಬೇಕಿತ್ತು. ಮೂರು ಗಂಟೆಗೆ ಪಾಂಡವಪುರದಿಂದ ಚುನಾವಣಾಧಿಕಾರಿ ಬರುವವರಿದ್ದರು. ಹದಿಮೂರು ನಿರ್ದೇಶಕಿಯರಲ್ಲಿ ಆರು ಜನ ಮೇಲಿನ ಬೀದಿಯವರು, ಆರು ಜನ ಕೆಳಗಿನ ಬೀದಿಯವರು. ಹದಿಮೂರನೆಯವಳು ಪುಟ್ಟಲಕ್ಷ್ಮಮ್ಮ. ಅವಳ ಮನೆ ಎರಡು ಬೀದಿಯೂ ಕೂಡುವ ಮೂಲೆಯಲ್ಲಿತ್ತು. ಒಂದೇ ಹಸು ಕಟ್ಟಿಕೊಂಡ ಅವಳು ನಿರ್ದೇಶಕಿಯಾದದ್ದು ಉಳಿದ ಒಂದು ಸ್ಥಾನಕ್ಕೆ ಯಾರೂ ಅರ್ಜಿ ಹಾಕದೆ ಇದ್ದುದರಿಂದ.

ಬೆಳಿಗ್ಗೆ ಆರೂವರೆಗೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಲ್ಲಿ ಜಗಳ ಹತ್ತಿತ್ತು. ಮೇಲಿನ ಬೀದಿಯವರು ಅಧ್ಯಕ್ಷರಾದರೆ ಅವರ ಗಂಡಂದಿರು ಬಂದು ಕುರ್ಚಿಯಲ್ಲಿ ಕೂರುತ್ತಾರೆ ಎಂದು ಕೆಳಗಿನವರು, ಕೆಳಗಿನವರಾದರೆ ಅವರ ಅಳಿಯಂದಿರೆಲ್ಲ ಡೈರಿ ಕೆಲಸಕ್ಕೆ ಸೇರುತ್ತಾರೆ ಎಂದು ಮೇಲಿನವರು. ಸಂಘದ ಕಾರ್ಯದರ್ಶಿ ಅರ್ಪಿತ, ಡಿಗ್ರಿ ಓದಿ ಈ ಊರಿಗೆ ಸೊಸೆಯಾಗಿ ಬಂದ ಹುಡುಗಿ, ಹಾಲಿನ ಸ್ಯಾಂಪಲ್ಲು ತೆಗೆಯುವುದನ್ನೇ ಮರೆತು ನೋಡುತ್ತಿದ್ದಳು.

ಆಗ ಹೊನ್ನಪ್ಪ ಖಾಲಿ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದ. ಹೆಂಡತಿಯ ಬದಲು ಹಾಲು ತರುವವನು ಅವನು. ಪೇಪರಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವನೂ ಅವನೇ. ಯಾವ ದೇಶದ ಅಧ್ಯಕ್ಷ ಯಾರ ಮೇಲೆ ಮುನಿಸಿಕೊಂಡಿದ್ದಾನೆ ಎಂಬುದು ಅವನಿಗೆ ತನ್ನ ಹಸು ಕರು ಹಾಕುವ ತಿಂಗಳಿಗಿಂತ ಚೆನ್ನಾಗಿ ಗೊತ್ತಿತ್ತು.

"ನೋಡ್ರವ್ವ, ಡೈರಿ ಆಗ್ಲಿ ದೇಸ ಆಗ್ಲಿ, ಎಲ್ಲಾ ಒಂದೇಯ. ಆಳೋರ್ಗೆ ಹಿಂದೆ ಮುಂದೆ ಯಾರೂ ಇರ್ಬಾರ್ದು. ಮಗ ಇದ್ರೆ ಮಗುಂಗೆ ಮಾಡ್ತಾರೆ, ಅಳಿಯ ಇದ್ರೆ ಅಳಿಯುಂಗೆ ಮಾಡ್ತಾರೆ. ಯಾರೂ ಇಲ್ದೋರು ಇನ್ಯಾರ್ಗೆ ಮಾಡ್ತಾರೆ? ಜನುಕ್ಕೇ ಮಾಡ್ಬೇಕು."

ಬೂಸಾ ಚೀಲ ಬಿಚ್ಚಿದ ಸದ್ದಿಗೆ ಹಸುಗಳೆಲ್ಲ ಒಟ್ಟಿಗೆ ಕತ್ತು ತಿರುಗಿಸುವಂತೆ, ಎರಡೂ ಬೀದಿಯವರು ಪುಟ್ಟಲಕ್ಷ್ಮಮ್ಮನ ಕಡೆ ತಿರುಗಿದರು.

"ಅಂಗಾದ್ರೆ ನಮ್ ಪುಟ್ಲಕ್ಷ್ಮಕ್ಕ ಇಲ್ವಾ?" ಎಂದವಳು ಪಕ್ಕದ ಮನೆಯ ಜವರಮ್ಮ, ಅವಳೂ ನಿರ್ದೇಶಕಿ. "ಗಂಡ ಇಲ್ಲ, ಮಕ್ಳಿಲ್ಲ. ನಾಳೆ ಸತ್ರೆ ಎತ್ತೋರೂ ನಾವೇಯ."

ಈ ಮಾತನ್ನು ಪುಟ್ಟಲಕ್ಷ್ಮಮ್ಮ ಗಂಡ ಸತ್ತ ಏಳು ವರ್ಷದಿಂದ ಕೇಳುತ್ತ ಬಂದಿದ್ದಳು. ಆದರೆ ಅದು ಇದುವರೆಗೆ ಕನಿಕರವಾಗಿತ್ತು, ಅರ್ಹತೆಯಾದದ್ದು ಇದೇ ಮೊದಲು.

ಅವಳು ಬೇಡವೆಂದು ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಆಷಾಢದ ಆ ಮೂರು ದಿನ ನೆನಪಾಯಿತು. ಜ್ವರ ಬಂದು ಮಲಗಿದ್ದಾಗ ಅವಳ ಹಾಲು ಮೂರು ದಿನ ಡೈರಿಗೆ ಹೋಗಿರಲಿಲ್ಲ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹೊತ್ತಿಗೊಂದರಂತೆ ಆರು ಗೀಟು ಬಿದ್ದವು. ಬಾಗಿಲು ಯಾರೂ ತಟ್ಟಲಿಲ್ಲ. ನಾಲ್ಕನೆಯ ದಿನ ಗೋಡೆ ಹಿಡಿದುಕೊಂಡು ಡೈರಿಗೆ ಹೋದಾಗ ಅರ್ಪಿತ ಗಾಬರಿಯಿಂದ, "ಮೂರ್ ದಿನದಿಂದ ಬಂದಿಲ್ವಲ್ಲಕ್ಕ, ಹಸು ಚೆನ್ನಾಗೈತಾ?" ಎಂದು ಕೇಳಿದ್ದಳು.

ಆಮೇಲೆ ರಾತ್ರಿ ಟೀವಿಯಲ್ಲಿ ದೇಶಕ್ಕೆ ಎಂಥ ನಾಯಕ ಬೇಕೆಂದು ಎಂಟು ಜನ ಎಂಟು ಚೌಕದಲ್ಲಿ ಕೂತು ಕೂಗಾಡುವಾಗೆಲ್ಲ ಪುಟ್ಟಲಕ್ಷ್ಮಮ್ಮ ತನ್ನ ಉತ್ತರವನ್ನು ಮನಸ್ಸಿನಲ್ಲೇ ಹೇಳುತ್ತಿದ್ದಳು. ಆ ಕಾರ್ಯಕ್ರಮವನ್ನು ಅವಳು ನೋಡುತ್ತಿದ್ದುದು ದೇಶದ ಚಿಂತೆಯಿಂದಲ್ಲ. ಅಷ್ಟು ಹೊತ್ತು ಮನೆಯಲ್ಲಿ ಎಂಟು ಜನ ಇದ್ದಂತಾಗುತ್ತಿತ್ತು. ಆದರೂ ಉತ್ತರ ಅವಳದೇ. ಯಾರ ಹಾಲು ಬರಲಿಲ್ಲವೋ ಅವರ ಮನೆಗೆ ಹೋಗಿ ಯಾಕೆಂದು ಕೇಳುವವರು ಒಳ್ಳೆಯ ಅಧ್ಯಕ್ಷರು. ದೇಶ ದೊಡ್ಡದು, ಹಾಲು ಕರೆಯದವರೂ ಇದ್ದಾರೆ, ನಿಜ. ಆದರೂ ಪ್ರತಿ ಊರಲ್ಲೂ ಯಾರೋ ಒಬ್ಬರ ಹೆಸರಿನ ಮುಂದೆ ಗೀಟು ಬಿದ್ದೇ ಇರುತ್ತದೆ, ಅದು ಮೇಲೆ ಕೂತವರಿಗೆ ಕಾಣಬೇಕು.

ತಾನು ಅಧ್ಯಕ್ಷೆಯಾದರೆ ದಿನಾ ಸಂಜೆ ಗೀಟು ಬಿದ್ದ ಮನೆಗಳಿಗೆ ಹೋಗಿಬರಬಹುದು. ಅವರೂ ತನ್ನ ಮನೆಗೆ ಬರುತ್ತಾರೆ.

"ನೀವೆಲ್ಲ ಹೇಳುದ್ರೆ ಆಗ್ಲಿ," ಎಂದಳು.

ಒಂಬತ್ತು ಗಂಟೆಗೆ ಮನೆ ತುಂಬಿತು. ಎಣ್ಣೆ ಕಾಣದ ಬಾಗಿಲು ಒಂದೇ ಬೆಳಿಗ್ಗೆ ಇಷ್ಟು ಸಲ ತೆರೆದುಕೊಂಡು ಮುಚ್ಚಿಕೊಂಡದ್ದರಿಂದ ಕಿರುಗುಟ್ಟುವುದನ್ನೇ ಬಿಟ್ಟಿತು. ಮೇಲಿನ ಬೀದಿಯವರು ಬಂದು ಕೆಳಗಿನವರನ್ನು ನಂಬಬೇಡಿ ಎಂದರು. ಕೆಳಗಿನವರು ಬಂದು ಮೇಲಿನವರ ಬಗ್ಗೆ ಅದನ್ನೇ ಹೇಳಿದರು. ಪುಟ್ಟಲಕ್ಷ್ಮಮ್ಮ ಎರಡಕ್ಕೂ ತಲೆದೂಗಿ ಟೀ ಕೊಟ್ಟಳು. ಅಟ್ಟದಿಂದ ಲೋಟಗಳನ್ನು ಇಳಿಸಿ ತೊಳೆದಳು. ಕೂರಲು ಜಾಗವಿಲ್ಲವೆಂದು ಅರ್ಪಿತ ಡೈರಿಯ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಕಳಿಸಿದಳು, ಪುಟ್ಟಲಕ್ಷ್ಮಮ್ಮನದೊಂದು ಫೋಟೋ ತೆಗೆದು 'ನಮ್ಮ ನೂತನ ಅಧ್ಯಕ್ಷರಿಗೆ ಶುಭಾಶಯ' ಎಂದು ವಾಟ್ಸಾಪಿನ ಸ್ಟೇಟಸ್ಸಿಗೂ ಹಾಕಿದಳು.

ಹತ್ತೂವರೆಗೆ ಬಾಗಿಲ ಮುಂದೆ ಒಂದು ಬೈಕು ನಿಂತಿತು. ಇಳಿದವನು ಶಿವಶಂಕರ್, ಪುಟ್ಟಲಕ್ಷ್ಮಮ್ಮನ ಗಂಡನ ಅಣ್ಣನ ಮಗ. ಕೆ.ಆರ್. ಪೇಟೆಯಲ್ಲಿ ಅವನದೊಂದು ಹಾಲಿನ ವ್ಯಾನು ಓಡುತ್ತಿತ್ತು. ಚಿಕ್ಕಪ್ಪನ ತಿಥಿ ಊಟ ಮಾಡಿ ಹೋದವನು ಏಳು ವರ್ಷದ ಮೇಲೆ, ಒಂದು ಶಾಲು ಹಿಡಿದುಕೊಂಡು ಬಂದಿದ್ದ.

"ಚಿಕ್ಕವ್ವ, ನೀನು ಒಬ್ಳೇ ಅಂತ ಯಾರಂದೋರು? ನಾನು ಸತ್ತೋಗಿದ್ದೀನಾ?" ಎಂದು ಕಾಲಿಗೆ ಬಿದ್ದ.

ಎದ್ದವನು ಈ ಕಡೆಯ ಹಾಲು ಸಾಗಿಸುವ ವ್ಯಾನು ಯಾರದೆಂದು ವಿಚಾರಿಸಿದ.

ಹನ್ನೆರಡರ ಬಸ್ಸಿಗೆ ನಾಗಮಂಗಲದಿಂದ ನಾದಿನಿ ಸೋಮಮ್ಮ ಬಂದಳು. ಅದೇ ತಿಥಿಯ ದಿನ ಒಂದು ಹಿತ್ತಾಳೆ ಕೊಳಗದ ವಿಷಯಕ್ಕೆ ಮುನಿಸಿಕೊಂಡು, ಈ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಹೋದವಳು. ಈಗ ಹೊಸ್ತಿಲನ್ನು ತುಳಿಯದೆ ಹುಷಾರಾಗಿ ದಾಟಿ, ಸೀದಾ ಅಡಿಗೆ ಮನೆಗೆ ನಡೆದಳು. ತನ್ನ ಮಗಳು ಅನು ಮನೆಯಲ್ಲೇ ಇದ್ದಾಳೆ, ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ ಎಂದು ಸೊಪ್ಪು ಸೋಸುತ್ತಾ ಹೇಳಿದಳು.

ಇದೆಲ್ಲವನ್ನೂ ಜವರಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ನೋಡಿ, ಎದ್ದು ಮನೆಗೆ ಹೋದಳು. ಅರ್ಧ ಗಂಟೆಯಲ್ಲಿ ಅವಳ ಮನೆಯಿಂದ ದೊಡ್ಡ ಗಲಾಟೆ ಕೇಳಿತು. ಆಮೇಲೆ ಜವರಮ್ಮ ಒಂದು ತಗಡಿನ ಟ್ರಂಕು ಹೊತ್ತು ಬೀದಿಗೆ ಬಂದಳು. ಮಗ ಕುಮಾರ್, ಸೊಸೆ ಸೇರಿ ತನ್ನನ್ನು ಹೊರಗೆ ಹಾಕಿದರು, ಇವತ್ತಿನಿಂದ ತನಗೆ ಯಾರೂ ಇಲ್ಲ ಎಂದು ಅತ್ತಳು. ತಡವಾಗಿ ಬಂದವರಿಗೆ ಅನುಕೂಲವಾಗಲೆಂದು ನಡುನಡುವೆ ನಿಲ್ಲಿಸಿ ಮೊದಲಿನಿಂದ ಅತ್ತಳು.

ಪುಟ್ಟಲಕ್ಷ್ಮಮ್ಮ ಬೀದಿಗೆ ಇಳಿದಳು. ಜವರಮ್ಮನನ್ನು ಕರೆತಂದು ಕೂರಿಸಿ ನೀರು ಕೊಟ್ಟಳು. ಟ್ರಂಕನ್ನು ತಾನೇ ಎತ್ತಿ ಜಗಲಿಯ ಮೂಲೆಗಿಟ್ಟಳು. ಅದು ಎಷ್ಟು ಹಗುರವಾಗಿತ್ತೆಂದರೆ ಅವಳ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷ ಸಂಸಾರ ಮಾಡಿದವಳದು ಇಷ್ಟೇನಾ ಎನ್ನಿಸಿತು.

ಎರಡು ಗಂಟೆಗೆ ಅರ್ಪಿತ ಏದುಸಿರು ಬಿಡುತ್ತಾ ಬಂದಳು. ಪುಟ್ಟಲಕ್ಷ್ಮಮ್ಮನನ್ನು ಹಸುವಿನ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಎರಡೂ ಬೀದಿಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದಾರೆ ಎಂದಳು. ಯಾರೂ ಇಲ್ಲದವಳು ಎಂದು ಆರಿಸಿದರೆ ವ್ಯಾನಿನವನು ಒಬ್ಬ, ಕೆಲಸ ಕೇಳುವವಳು ಒಬ್ಬಳು ಆಗಲೇ ಬಂದು ಕೂತಿದ್ದಾರಂತೆ.

"ಅಕ್ಕ, ಅವ್ರನ್ನ ಹಿತ್ಲ ಬಾಗ್ಲಲ್ಲಿ ಕಳ್ಸ್‌ಬುಡಿ. ಒಂದ್ ಗಂಟೆ ಅಷ್ಟೇಯ. ಇಲ್ಲಾಂದ್ರೆ ನಿಮ್ ಕೈ ತಪ್ಪೋಯ್ತದೆ."

ಪುಟ್ಟಲಕ್ಷ್ಮಮ್ಮ ಕಳಿಸಿಬಿಡೋಣವೆಂದೇ ಅಡಿಗೆ ಮನೆಗೆ ಹೋದಳು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಕುದಿಯುತ್ತಿತ್ತು. ಏಳು ವರ್ಷದಿಂದ ಅಟ್ಟದಲ್ಲಿ ಬೋರಲು ಬಿದ್ದಿದ್ದ ಪಾತ್ರೆ ಅದು. ಒಬ್ಬಳಿಗೆ ಮುದ್ದೆ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಅಷ್ಟು ಸ್ವಲ್ಪ ಹಿಟ್ಟು ಹದಕ್ಕೆ ಬರುವುದೇ ಇಲ್ಲ, ಗಂಟು ಕಟ್ಟುತ್ತದೆ. ಅದಕ್ಕೇ ಅವಳು ದಿನಾ ಎರಡು ಮುದ್ದೆ ಮಾಡಿ ಒಂದನ್ನು ಹಸುವಿಗೆ ಹಾಕುತ್ತಿದ್ದಳು.

"ಬನ್ನಿ ಅತ್ಗೆಮ್ಮ, ಒಸಿ ಪಾತ್ರೆ ಇಡ್ಕೊಳಿ, ತೊಳುಸ್ತೀನಿ," ಎಂದಳು ಸೋಮಮ್ಮ.

ಪುಟ್ಟಲಕ್ಷ್ಮಮ್ಮ ಪಾತ್ರೆ ಹಿಡಿದುಕೊಂಡಳು. ಸೋಮಮ್ಮ ಕೋಲು ತಿರುಗಿಸಿದಳು. ಹೇಳಬೇಕೆಂದಿದ್ದ ಮಾತು ಹಿಟ್ಟಿನ ಆವಿಯಲ್ಲಿ ಎಲ್ಲೋ ಹೋಯಿತು. ಆರು ಮುದ್ದೆಗಳು ತಟ್ಟೆಯಲ್ಲಿ ಸಾಲಾಗಿ ಕೂತವು, ಒಂದರಲ್ಲೂ ಗಂಟಿರಲಿಲ್ಲ.

ಊಟಕ್ಕೆ ಕೂತಿದ್ದಾಗಲೇ ಹೊನ್ನಪ್ಪ ಎರಡೂ ಬೀದಿಯ ನಿರ್ದೇಶಕಿಯರನ್ನು ಕರೆದುಕೊಂಡು ಬಂದ. ಚುನಾವಣಾಧಿಕಾರಿಯ ಜೀಪು ಚಿನಕುರಳಿ ದಾಟಿದೆಯಂತೆ. ಹೊನ್ನಪ್ಪ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಶಿವಶಂಕರ್ ಎರಡನೆಯ ಮುದ್ದೆ ಮುರಿಯುತ್ತಿದ್ದ. ಸೋಮಮ್ಮ ಸಾರು ಬಡಿಸುತ್ತಿದ್ದಳು. ಜವರಮ್ಮ ಊಟದ ತಟ್ಟೆಯನ್ನು ಟ್ರಂಕಿನ ಮೇಲೆ ಇಟ್ಟುಕೊಂಡು, ತುತ್ತು ಬಾಯಿಗೆ ಹಾಕದೆ ಪುಟ್ಟಲಕ್ಷ್ಮಮ್ಮನ ಮುಖವನ್ನೇ ನೋಡುತ್ತಿದ್ದಳು.

"ಇವ್ರೆಲ್ಲ ಯಾರು ಪುಟ್ಲಕ್ಷ್ಮಕ್ಕ?" ಎಂದ ಹೊನ್ನಪ್ಪ. "ನಿಮ್ಗೇನೂ ಆಗ್ಬೇಕಾಗಿಲ್ಲ ಅಲ್ವಾ?"

ಅವನು ಒಳ್ಳೆಯವನೇ. ಉತ್ತರವನ್ನೂ ತಾನೇ ಕೈಗಿಟ್ಟು ಕೇಳಿದ್ದ. ಹೌದಪ್ಪ, ಏನೂ ಆಗಬೇಕಾಗಿಲ್ಲ ಎಂದರೆ ಮುಗಿಯಿತು. ಹಿಂದಿನಿಂದ ಅರ್ಪಿತ ಅದನ್ನೇ ಹೇಳಿ ಎಂದು ಕಣ್ಣು ಮಾಡುತ್ತಿದ್ದಳು. ಅದರಲ್ಲಿ ಸುಳ್ಳೂ ಇರಲಿಲ್ಲ. ಏಳು ವರ್ಷದಲ್ಲಿ ಇವರು ಯಾವ ದಿನ ಏನಾಗಿದ್ದರು?

ಪುಟ್ಟಲಕ್ಷ್ಮಮ್ಮ ಬಾಯಿ ತೆರೆದಳು. ಸೋಮಮ್ಮ ಸೌಟು ಹಿಡಿದು ನಿಂತಿದ್ದಳು. ತಟ್ಟೆಗಳಿಂದ ಹಬೆ ಏಳುತ್ತಿತ್ತು.

"ನಮ್ಮೋರು," ಎಂದಳು ಪುಟ್ಟಲಕ್ಷ್ಮಮ್ಮ. ಸಾಲದೆಂಬಂತೆ ಇನ್ನೊಂದು ಸಲ ಹೇಳಿದಳು. "ನಮ್ಮೋರು ಕಣಪ್ಪ."

ಆ ಮಾತು ಹೇಳಿ ಎಷ್ಟು ವರ್ಷವಾಗಿತ್ತೋ, ಬಾಯಲ್ಲಿ ಬೆಲ್ಲ ಇಟ್ಟುಕೊಂಡಂತಿತ್ತು.

ಬಂದವರು ಮುಖ ಮುಖ ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ನಿಧಾನವಾಗಿ ಟ್ರಂಕಿನ ಕಡೆ ಹೋಯಿತು. ಜವರಮ್ಮ ತಕ್ಷಣ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮೂರೂ ಇಪ್ಪತ್ತಕ್ಕೆ ಜವರಮ್ಮ ಅವಿರೋಧವಾಗಿ ಅಧ್ಯಕ್ಷೆಯಾದಳು. ಯಾರೂ ಇಲ್ಲದವಳೇ ಬೇಕು ಎಂಬ ತನ್ನ ಮಾತು ನಡೆದದ್ದಕ್ಕೆ ಹೊನ್ನಪ್ಪ ಡೈರಿಯ ಬೆಂಚಿನ ಮೇಲೆ ಇನ್ನೊಂದು ಭಾಷಣ ಮಾಡಿದ. ಪುಟ್ಟಲಕ್ಷ್ಮಮ್ಮನೂ ಕೈಯೆತ್ತಿದವಳೇ. ಅವಳಿಗೆ ಬೇಸರವಾಗಿರಲಿಲ್ಲ. ಮನೆಯಲ್ಲಿ ಜನ ಕಾಯುತ್ತಿದ್ದಾರೆ, ಸಂಜೆಗೆ ಏನು ಮಾಡಲಿ ಎಂದು ಯೋಚಿಸುತ್ತಾ ಬೇಗ ಬೇಗ ಹೆಜ್ಜೆ ಹಾಕಿದಳು.

ಬೈಕು ಇರಲಿಲ್ಲ. ಶಿವಶಂಕರ್ ಶಾಲನ್ನು ತೆಗೆದುಕೊಂಡು ಹೊಸ ಅಧ್ಯಕ್ಷೆಗೆ ಹೊದಿಸಲು ಆಗಲೇ ಡೈರಿಗೆ ಹೋಗಿದ್ದನಂತೆ. ದಾರಿಯಲ್ಲಿ ಎದುರಾದಾಗ ತಲೆ ತಗ್ಗಿಸಿ ಗಾಡಿ ಓಡಿಸಿಕೊಂಡು ಹೋದವನು ಅವನೇ ಎಂದು ಪುಟ್ಟಲಕ್ಷ್ಮಮ್ಮನಿಗೆ ಈಗ ಹೊಳೆಯಿತು. ಸೋಮಮ್ಮ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾಲ್ಕರ ಬಸ್ಸು ತಪ್ಪಿದರೆ ಕಷ್ಟ ಎಂದಳು. ಇವತ್ತೊಂದು ದಿನ ಇದ್ದು ಹೋಗು ಎಂಬ ಮಾತಿಗೆ, ಮನೆಯಲ್ಲಿ ಅನು ಒಬ್ಬಳೇ ಇರುತ್ತಾಳೆ, ಒಬ್ಬಳೇ ಇರುವುದು ಎಷ್ಟು ಕಷ್ಟ ನಿಮಗೆ ಗೊತ್ತಲ್ಲ ಅತ್ತಿಗೆಮ್ಮ ಎಂದಳು. ಚೀಲದೊಳಗಿಂದ ಹಿತ್ತಾಳೆ ಕೊಳಗದ ಅಂಚು ಹೊಳೆಯುತ್ತಿತ್ತು. ಪುಟ್ಟಲಕ್ಷ್ಮಮ್ಮ ಅದರ ಮೇಲೆ ಒಂದು ಹಳೇ ಟವಲು ಮುಚ್ಚಿ, ಬಸ್‌ ಸ್ಟಾಪಿನವರೆಗೆ ಹೋಗಿ ಬಸ್ಸು ಹತ್ತಿಸಿ ಬಂದಳು.

ಸಂಜೆ ಹಾಲು ಕರೆದಳು. ಕ್ಯಾನಿಗೆ ತುಂಬಿದಳು. ಆದರೆ ಡೈರಿಗೆ ಹೋಗಲಿಲ್ಲ.

ಹಟವೇನಲ್ಲ. ಹೊಸ ಅಧ್ಯಕ್ಷೆ ಬಂದಿದ್ದಾಳೆ, ಒಂದು ಸಲ ನೋಡೋಣ ಎನ್ನಿಸಿತು ಅಷ್ಟೆ. ಮನೆಯಲ್ಲೇ ಉಳಿದಿದ್ದ ಡೈರಿಯ ನಾಲ್ಕು ಕುರ್ಚಿಗಳ ಪೈಕಿ ಒಂದರಲ್ಲಿ ಕೂತು ಪುಟ್ಟಲಕ್ಷ್ಮಮ್ಮ ಬಾಗಿಲ ಕಡೆ ನೋಡುತ್ತಿದ್ದಳು. ಆರು ಗಂಟೆಗೆ ಹಾಲಳೆಯುವ ಸದ್ದು ಶುರುವಾಯಿತು. ಆರೂಮುಕ್ಕಾಲಿಗೆ ನಿಂತಿತು. ಈಗ ಅರ್ಪಿತ ಪುಸ್ತಕದಲ್ಲಿ ಗೀಟು ಹಾಕಿರುತ್ತಾಳೆ.

ಬಾಗಿಲು ತಟ್ಟಿದ ಸದ್ದಾಯಿತು.

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲಲ್ಲಿ ಜವರಮ್ಮನ ಮಗ ಕುಮಾರ್ ನಿಂತಿದ್ದ. ಮಧ್ಯಾಹ್ನ ತಾಯಿಯನ್ನು ಬೀದಿಗೆ ಹಾಕಿದವನು ಬಿಳಿ ಅಂಗಿ ತೊಟ್ಟು ಹಣೆಗೆ ಕುಂಕುಮ ಇಟ್ಟುಕೊಂಡಿದ್ದ. ಟ್ರಂಕು ತೆಗೆದುಕೊಂಡು ಹೋಗಲು ಬಂದೆ ಎಂದ. ಒಂದೇ ಕೈಯಲ್ಲಿ ಅದನ್ನು ಎತ್ತಿದಾಗ ಮುಚ್ಚಳ ತೆರೆದುಕೊಂಡಿತು. ಒಳಗೆ ಒಂದು ಹಳೇ ಪೇಪರು ಬಿಟ್ಟು ಏನೂ ಇರಲಿಲ್ಲ. ಅವನು ನಾಚಿಕೊಂಡು ನಕ್ಕ. ಅವಳೂ ನಕ್ಕಳು.

"ಇವತ್ತು ಹಾಲು ತರ್ಲಿಲ್ವಂತಲ್ಲ ಪುಟ್ಲಕ್ಷ್ಮಕ್ಕ," ಎಂದ ಕುಮಾರ್. "ಅಮ್ಮ ಪುಸ್ತಕ ನೋಡುದ್ರು. ಪುಟ್ಲಕ್ಷ್ಮಕ್ಕಂದು ಬಂದಿಲ್ಲ, ಮೊದ್ಲು ಹೋಗಿ ವಿಚಾರಸ್ಕೊಂಡು ಬಾ ಅಂದ್ರು."

ಪುಟ್ಟಲಕ್ಷ್ಮಮ್ಮ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಖಾಲಿ ಟ್ರಂಕು ಕಂಡು ಜವರಮ್ಮನ ಬಗ್ಗೆ ಅಂದುಕೊಂಡದ್ದೆಲ್ಲ ಒಂದೇ ಸಲಕ್ಕೆ ಕರಗಿತು. ತಾನೇ ಅಧ್ಯಕ್ಷೆಯಾಗಿದ್ದರೂ ಮೊದಲ ದಿನವೇ ಪುಸ್ತಕ ತೆಗೆಸಿ ನೋಡುತ್ತಿದ್ದಳೋ ಇಲ್ಲವೋ.

"ನಂಗೇನಾಗಿಲ್ಲ ಕಣಪ್ಪ, ಚೆನ್ನಾಗಿವ್ನಿ ಅಂತ ಹೇಳು," ಎಂದಳು.

"ಅಲ್ಲ, ಹಾಲು ಮನೇಲೇ ಇದ್ರೆ ಇಸ್ಕೊಂಡ್ ಬಾ ಅಂದ್ರು. ಪಾಯ್ಸ ಮಾಡ್ತಾವ್ರೆ. ಜನ ಜಾಸ್ತಿ ಆಗೋದ್ರು, ಹಾಲು ಸಾಲ್ತಿಲ್ಲ. ಈ ಕುರ್ಚೀನೂವೆ ತಕ್ಕೊಂಡೋಯ್ತೀನಿ."

ಕುರ್ಚಿಗಳನ್ನು ಅವನು ಒಂದರೊಳಗೊಂದು ಸೇರಿಸಿ ಹೆಗಲಿಗೆ ಏರಿಸಿದ. ಟ್ರಂಕು ಒಂದು ಕೈಯಲ್ಲಿ. ಪುಟ್ಟಲಕ್ಷ್ಮಮ್ಮ ಕ್ಯಾನಿನ ಮುಚ್ಚಳ ಭದ್ರವಾಗಿ ಒತ್ತಿ ಇನ್ನೊಂದು ಕೈಗೆ ಕೊಟ್ಟಳು. ಪಕ್ಕದ ಮನೆಯಿಂದ ನಗು ಕೇಳುತ್ತಿತ್ತು, ಏಲಕ್ಕಿಯ ವಾಸನೆ ಬರುತ್ತಿತ್ತು. ಹೆಗಲ ಮೇಲಿನ ಸೆರಗನ್ನು ಸರಿಮಾಡಿಕೊಂಡಳು, ಕರೆದರೆ ಹೊರಡುವವಳ ಹಾಗೆ.

"ಯಾರ್ಯಾರು ಬಂದವ್ರಪ್ಪ?"

"ಬೇರೆ ಯಾರಿಲ್ಲ ಪುಟ್ಲಕ್ಷ್ಮಕ್ಕ," ಎಂದ ಕುಮಾರ್, ಮೆಟ್ಟಿಲು ಇಳಿಯುತ್ತಾ. "ಬರೀ ನಮ್ಮೋರೇಯ."

ಪುಟ್ಟಲಕ್ಷ್ಮಮ್ಮ ಬಾಗಿಲು ಹಾಕಿದಳು. ಅದು ಮತ್ತೆ ಕಿರುಗುಟ್ಟಿತು. ಟೀವಿ ಹಚ್ಚಿದಾಗ ಎಂಟು ಜನ ಆಗಲೇ ಬಂದು ಕೂತಿದ್ದರು. ಮಧ್ಯಾಹ್ನದ ಆರು ಮುದ್ದೆಯಲ್ಲಿ ಒಂದು ಉಳಿದಿತ್ತು. ಅರ್ಧ ಮುರಿದು ತಾನಿಟ್ಟುಕೊಂಡು, ಉಳಿದರ್ಧವನ್ನು ಕೊಟ್ಟಿಗೆಗೆ ತೆಗೆದುಕೊಂಡು ಹೋದಳು.